ಕುಂಚಿಗೆಯ ತೂಕ

ನನ್ನ ನಿವೃತ್ತಿಗೆ ಆಗ ಹದಿನಾಲ್ಕು ತಿಂಗಳು ಉಳಿದಿದ್ದವು. ರೋಣ ತಾಲ್ಲೂಕಿನಲ್ಲಿ, ಅಬ್ಬಿಗೇರಿಯಿಂದ ಸ್ವಲ್ಪ ಒಳಗಿರುವ ಒಂದು ಊರಿನ ಉಪಕೇಂದ್ರದಲ್ಲಿ ನರ್ಸ್ ಆಗಿದ್ದೆ. ಬಾಣಂತಿಯರ ಮನೆಗೆ ಹೋಗುವುದು, ತಾಯಿ-ಕೂಸನ್ನು ನೋಡುವುದು, ಕೂಸಿನ ತೂಕ ಮಾಡಿ ತಾಯಿ ಕಾರ್ಡಿನಲ್ಲಿ ಬರೆಯುವುದು ನನ್ನ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದ್ದೆ. ಇಷ್ಟು ವರ್ಷ ಒಂದೇ ಕೆಲಸ ಮಾಡಿದವರಿಗೆ ಒಂದು ರೋಗ ಹತ್ತುತ್ತದೆ: ಕಣ್ಣು ನೋಡುವ ಮೊದಲೇ ಕೈ ಬರೆದುಬಿಡುತ್ತದೆ. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಟೈಪ್ ಮಾಡುವುದನ್ನು ಕಲಿಸಿ, "ನಿನ್ನ ಶಾಣ್ಯಾತನದ ಕಥಿ ಒಂದ ಬರಿ, ಅಜ್ಜಿ" ಅಂದಳು. ಜಾಣತನದ ಕಥೆಗಳನ್ನು ಊರವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಉಳಿದಿರುವುದು ಇದು.

ಸವಿತಾಗೆ ಇಪ್ಪತ್ತೊಂದು ವರ್ಷ. ಗಂಡನ ಮನೆ ನರಗುಂದ. ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ತವರು ಅಂದರೆ ಅವ್ವನಲ್ಲ. ಅವ್ವ ಚಿಕ್ಕಂದಿನಲ್ಲೇ ತೀರಿಕೊಂಡು, ಸಾಕಿದವಳು ಅಜ್ಜಿ ಬಸವ್ವ. ಮನೆಯವರಿಗೂ ಓಣಿಗೂ ಆಕೆ 'ಆಯಿ'. ಸವಿತಾ ರೋಣದ ಸರ್ಕಾರಿ ದವಾಖಾನೆಯಲ್ಲಿ ಹೆತ್ತಳು. ಹೆಣ್ಣು ಕೂಸು, 2,800 ಗ್ರಾಂ. ಮೂರನೇ ದಿನ ಮನೆಗೆ ಬಂದರು, ಅಂದೇ ಸಂಜೆ ನಾನು ಹೋದೆ.

ತೂಕಕ್ಕೆ ಮೊದಲು ಕೂಸಿನ ಬಟ್ಟೆ ಪೂರ್ತಿ ಬಿಚ್ಚಬೇಕು, ಇದು ನಿಯಮ. ಕೂಸಿಗೆ ನಮ್ಮ ಕಡೆ ತಲೆಯಿಂದ ಬೆನ್ನಿನವರೆಗೆ ಇಳಿಯುವ ದಪ್ಪ ಕುಂಚಿಗೆ ಹಾಕುತ್ತಾರೆ. ಅದರ ಗಂಟಿಗೆ ಕೈ ಹಾಕಿದೆ.

"ಹಾಂ ಹಾಂ! ಬಿಚ್ಚಬ್ಯಾಡ್ರಿ ಸಿಸ್ಟರ್," ಅಂದಳು ಆಯಿ. "ಗಾಳಿ ಬಡದು ಕೆಮ್ಮ ಹತ್ತಿದ್ರ ನೀವ ಬಂದು ಕುಂದರ್ತೀರೇನು?"

ಅಷ್ಟರಲ್ಲಿ ನನ್ನ ಕೈಗೆ ಒಂದು ಅಂಟಿನ ಉಂಡಿ ಬಂದಿತ್ತು. ಒಣಕೊಬ್ಬರಿ, ಉತ್ತತ್ತಿ, ತುಪ್ಪ. ಕೈಯಲ್ಲಿ ಉಂಡಿ ಹಿಡಿದು ವಾದ ಮಾಡಿದವರನ್ನು ನಾನಂತೂ ಕಂಡಿಲ್ಲ. ಕುಂಚಿಗೆ ಸಮೇತ ಕೂಸನ್ನು ತೂಕದ ಜೋಳಿಗೆಯಲ್ಲಿ ಹಾಕಿ ಎತ್ತಿದೆ. ಮುಳ್ಳು 2,900ಕ್ಕೆ ನಿಂತಿತು. ಬಟ್ಟೆಯದು ಇನ್ನೂರು ಎಂದು ಮನಸ್ಸಿನಲ್ಲೇ ಕಳೆದು 2,700 ಬರೆದೆ. ಹುಟ್ಟಿದ ಕೂಸು ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುವುದು ಸಹಜ. ನೂರು ಗ್ರಾಂ ದೊಡ್ಡ ಮಾತಲ್ಲ.

"ಕೂಸು ಹಾಲು ಕುಡಿತೈತಿಲ್ಲ?" ಎಂದು ಕೇಳಿದೆ.

"ಕುಡೀತೈತಿ, ಕುಡೀತೈತಿ," ಅಂದಳು ಆಯಿ.

ಕೇಳಬೇಕಾದದ್ದು ಸವಿತಾಳನ್ನು. ಕುಡಿಸುವುದನ್ನು ಕೂತು ನೋಡಬೇಕಿತ್ತು. ನಾನು ಎರಡನೇ ಉಂಡಿಯನ್ನು ದಾರಿಗೆಂದು ಕಟ್ಟಿಸಿಕೊಂಡು, ಪೆನ್ನನ್ನು ಅಲ್ಲೇ ಮರೆತು ಬಂದೆ.

ಐದನೇ ದಿನದ ಸಂಜೆ ಸಟಿವಿ ಪೂಜೆ. ಅಂದು ಸಟಿವಿ ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂದು ಒಂದು ಖಾಲಿ ಹಾಳೆ, ಒಂದು ಪೆನ್ನು ಇಡುತ್ತಾರೆ. ಆಯಿಯ ಮನೆಯಲ್ಲಿ ಖಾಲಿ ಹಾಳೆ ಸಿಗಲಿಲ್ಲವಂತೆ. ನನ್ನ ಪೆನ್ನನ್ನೂ, ನಾನು 2,700 ಎಂದು ಬರೆದಿದ್ದ ಕಾರ್ಡನ್ನೂ ಇಟ್ಟು ಪೂಜೆ ಮಾಡಿದರು. ಓಣಿಯವರು ಹೇಳಿದಾಗ ಹೊಟ್ಟೆ ಹಿಡಿದು ನಕ್ಕಿದ್ದೆ.

ಏಳನೇ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಮತ್ತೆ ಹೋದೆ. ಆಯಿ ಬಾಗಿಲಲ್ಲೇ ನಿಂತಿದ್ದಳು.

"ನಮ್ಮ ಕೂಸು ಭಾಳ ಶಾಣ್ಯಾ ಐತ್ರಿ ಸಿಸ್ಟರ್. ಅಳೂದ ಇಲ್ಲ. ಇದರವ್ವ ಹುಟ್ಟಿದಾಗ ಓಣಿಗೆ ಓಣಿನ ಎಬ್ಬಿಸಿದ್ಲು."

ಆ ಮಾತು ಕೇಳಿ ನಗುತ್ತಲೇ ಅಂಗಳದ ಹಗ್ಗದ ಕಡೆ ನೋಡಿದೆ. ವಾರದ ಕೂಸಿರುವ ಮನೆಯ ಹಗ್ಗ ಉಚ್ಚೆಯ ಅರಿವೆಗಳಿಂದ ಜೋತುಬಿದ್ದಿರಬೇಕು. ದಿನಕ್ಕೆ ಆರೆಂಟು ಸಲವಾದರೂ ಕೂಸು ಅರಿವೆ ಒದ್ದೆ ಮಾಡಿದರೆ ಹೊಟ್ಟೆಗೆ ಹಾಲು ಹೋಗುತ್ತಿದೆ ಎಂದು ಅರ್ಥ. ಹಗ್ಗದ ಮೇಲೆ ಒಂದು ಸೀರೆ, ಒಂದು ಟವೆಲ್, ಎರಡು ಅರಿವೆ ಇದ್ದವು.

"ಇವತ್ತಿಂದು ಒಗದಿಲ್ಲೇನು ಆಯಿ?"

"ಒಗದದ್ದ ಅವು. ಹೊಲಸ ಮಾಡೂದಿಲ್ರಿ ಅದು, ಅಂದ್ನೆಲ್ಲ?"

ಚಪ್ಪಲಿ ಬಿಟ್ಟವಳೇ ಒಳಗೆ ಹೋದೆ. ಕಿಟಕಿ ಮುಚ್ಚಿತ್ತು, ಹೊರಸಿನ ಮಂಚದ ಕೆಳಗೆ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ. ಸವಿತಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೂಸನ್ನು ಎತ್ತಿಕೊಂಡೆ. ತುಟಿ ಒಣಗಿತ್ತು, ನೆತ್ತಿ ತಗ್ಗಾಗಿತ್ತು, ಕಣ್ಣಿನ ಬಿಳಿ ಹಳದಿಯಾಗಿತ್ತು. ಅಂಗಾಲಿಗೆ ಬೆರಳಿನಿಂದ ಚಿಟ್ಟೆಂದು ಹೊಡೆದೆ. ಮುಖ ಕಿವುಚಿತು, ಅಳು ಬರಲಿಲ್ಲ. ಅದು ಶಾಣ್ಯಾತನವಲ್ಲ. ಅಳಲು ತ್ರಾಣ ಉಳಿದಿರಲಿಲ್ಲ.

ಈ ಸಲ ಯಾರನ್ನೂ ಕೇಳದೆ ಗಂಟು ಬಿಚ್ಚಿದೆ. ಕುಂಚಿಗೆ ತೆಗೆಯುವಾಗ ಅದರ ಮಡಿಕೆಯಿಂದ ಏನೋ ಧಡ್ ಎಂದು ನೆಲಕ್ಕೆ ಬಿತ್ತು. ಬಟ್ಟೆಯಲ್ಲಿ ಸುತ್ತಿ ಹೊಲಿದಿದ್ದ ಒಂದು ಹಳೆಯ ಕಬ್ಬಿಣದ ಬೀಗ.

"ದೃಷ್ಟಿ ಆಗಬಾರದಂತ ಕಬ್ಬಣ ಇಟ್ಟೀನ್ರಿ," ಅಂದಳು ಆಯಿ.

"ಯಾವಾಗಿಂದ?"

"ದವಾಖಾನಿಯಿಂದ ಬಂದ ದಿನಾನ."

ಬರಿಮೈ ಕೂಸನ್ನು ತೂಗಿದೆ: 2,400. ಕುಂಚಿಗೆ, ಅಂಗಿ, ಬೀಗ ಮೂರನ್ನೂ ಜೋಳಿಗೆಗೆ ಹಾಕಿದೆ: 400. ಅದರಲ್ಲಿ ಬೀಗದ್ದೇ 200. ಅಂದರೆ ಮೂರನೇ ದಿನ ಕೂಸು ಇದ್ದದ್ದು 2,500. ಹತ್ತರಲ್ಲಿ ಒಂದು ಪಾಲು ದಾಟಿ ಇಳಿದಿತ್ತು, ಅಂದೇ ದವಾಖಾನೆಗೆ ಓಡಬೇಕಾಗಿತ್ತು. ನಾನು ಉಂಡಿ ತಿಂದು ಮನೆಗೆ ಹೋಗಿದ್ದೆ. ಈಗ ಹುಟ್ಟುತೂಕದ ಏಳರಲ್ಲಿ ಒಂದು ಪಾಲು ಕರಗಿಹೋಗಿತ್ತು.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಅದು ಗಜೇಂದ್ರಗಡದ ಕಡೆ ಬೇರೊಂದು ಕೇಸಿಗೆ ಹೋಗಿತ್ತು. ಬರಲು ಮುಕ್ಕಾಲು ಗಂಟೆ ಬೇಕು ಅಂದರು. ಓಣಿಯಲ್ಲಿದ್ದ ಒಂದೇ ಕಾರು ಆ ದಿನ ನರೇಗಲ್ ಸಂತೆಗೆ ಹೋಗಿತ್ತು. ಮೋಟರ್ ಸೈಕಲ್ ಮೇಲೆ ಆ ಕೂಸನ್ನು ಒಯ್ಯುವ ಧೈರ್ಯ ನನಗಾಗಲಿಲ್ಲ.

ಸವಿತಾ ಎದ್ದು ಕೂತಳು. "ನನ್ನ ಮೈಯಾಗ ಹಾಲ ಇಲ್ಲಂತ್ರಿ ಸಿಸ್ಟರ್," ಅಂದಳು, ಮೆಲ್ಲಗೆ. "ಮಾವ ಡಬ್ಬಿ ತಂದಾನ."

ಆಕೆಯ ಸೋದರಮಾವ ಮಲ್ಲಪ್ಪ ಹಾಲಿನ ಪುಡಿಯ ಡಬ್ಬಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. ಡಬ್ಬಿಯ ಹಾಲು ವಿಷವೇನಲ್ಲ. ಡಾಕ್ಟರು ಬೇಕೆಂದರೆ ನಾನೇ ಕುಡಿಸುತ್ತೇನೆ. ಆದರೆ ಸವಿತಾಳ ಸೆರಗು ಸರಿಸಿ ನೋಡಿದಾಗ ಮಾತು ಬೇರೆಯೇ ಇತ್ತು. ಎರಡೂ ಎದೆ ಹಾಲು ಕಟ್ಟಿ ಕಲ್ಲಾಗಿದ್ದವು. ತೊಟ್ಟು ಸೀಳಿ ರಕ್ತ ಒಣಗಿತ್ತು. ಕೂಸು ತೊಟ್ಟಿನ ಜತೆಗೆ ಅದರ ಸುತ್ತಲಿನ ಕಪ್ಪು ಬಳೆಯನ್ನೂ ಬಾಯಿ ತುಂಬ ಹಿಡಿದರೆ ಮಾತ್ರ ಹಾಲು ಇಳಿಯುತ್ತದೆ. ಇದು ಬರೀ ತುದಿ ಚೀಪಿ ಚೀಪಿ ಸೋತು ಮಲಗಿತ್ತು. ಹಾಲು ಇತ್ತು, ಇಳಿಯಲು ದಾರಿ ಇರಲಿಲ್ಲ.

"ಯಾರಿಗೂ ಹೇಳಲಿಲ್ಲ ಯಾಕವ್ವಾ?"

"ಹಡದಾಕಿಗೆಲ್ಲಾ ನೋವು ಇರತೈತಿ ಅಂದ್ರು. ನಂದೇನ ಹೆಚ್ಚಿಂದು ಅಂತ..."

ಆಕೆಯ ನಾಲಿಗೆಯೂ ಒಣಗಿತ್ತು. ಬಾಣಂತಿ ನೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ ಎಂದು ದಿನಕ್ಕೆ ಎರಡು ಲೋಟ ಮಾತ್ರ ಕೊಡುತ್ತಿದ್ದರು. ನೀರಡಿಸಿದವಳಿಗೆ ಕೂಸನ್ನು ಎತ್ತಿ ಹಿಡಿಯುವ ಶಕ್ತಿ ಎಲ್ಲಿಂದ ಬರಬೇಕು? ಒಂದು ತಂಬಿಗೆ ನೀರು ಕೊಟ್ಟೆ.

ಬಿಸಿನೀರಲ್ಲಿ ಅರಿವೆ ಅದ್ದಿ ಎದೆಗೆ ಕಾವು ಕೊಟ್ಟು, ಕೈಯಿಂದ ಹಾಲು ತೆಗೆಯತೊಡಗಿದೆ. ನನ್ನ ಬಲಗೈ ಹೆಬ್ಬೆರಳು ಎರಡು ವರ್ಷದಿಂದ ಸರಿಯಾಗಿ ಮಡಚುತ್ತಿರಲಿಲ್ಲ. ಹತ್ತು ನಿಮಿಷವಾದರೂ ಬಟ್ಟಲಿನ ತಳ ಒದ್ದೆಯಾಯಿತೇ ಹೊರತು ಒಂದು ಚಮಚ ತುಂಬಲಿಲ್ಲ. ಸವಿತಾ ಸೆರಗು ಕಚ್ಚಿಕೊಂಡು ಅಳುತ್ತಿದ್ದಳು. ಮಲ್ಲಪ್ಪ ಹೊಸ್ತಿಲಲ್ಲೇ ಗಡಿಯಾರ ನೋಡುತ್ತಿದ್ದ. ಕೂಸಿನ ಉಸಿರು ಇದೆಯೋ ಇಲ್ಲವೋ ಎಂದು ನಾನು ಎರಡು ಸಲ ಬಗ್ಗಿ ನೋಡಿದೆ.

"ಸಟಿವಿ ಬರದದ್ದ ತಪ್ಪೂದಿಲ್ಲ," ಅಂದಳು ಆಯಿ, ಮೂಲೆಯಿಂದ.

"ಸಟಿವಿ ಏನೂ ಬರದಿಲ್ಲ, ಆಯಿ. ಆ ಕಾರ್ಡಿನಾಗ ಬರದಾಕಿ ನಾನು. ತಪ್ಪ ಬರದೀನಿ."

ಆಯಿ ಎದ್ದು ಕೈ ತೊಳೆದುಕೊಂಡು ಬಂದಳು.

"ಸರೀರಿ. ಮಣಕ ಎಮ್ಮಿ ಮೊದಲನೇ ಸಲ ಈದಾಗ ಕೆಚ್ಚಲ ಹಿಂಗ ಕಲ್ಲ ಆಕ್ಕೈತಿ. ಐವತ್ತ ವರ್ಷ ಹಿಂಡೀನಿ ನಾನು."

"ಎಮ್ಮಿ ಅಲ್ಲರಿ ಇದು! ತುದಿ ಜಗ್ಗಬ್ಯಾಡ್ರಿ. ಕರೇ ಬಳಿ ಹಿಂದ ಹಿಡೀರಿ, ಎದಿ ಕಡೆ ಒತ್ರಿ, ಆಮ್ಯಾಲ ಹಗೂರಕ ಹಿಂಡ್ರಿ."

"ಆಯಿ, ನಾ ಎಮ್ಮಿ ಏನ?" ಅಂದಳು ಸವಿತಾ, ಅಳುವಿನ ನಡುವೆಯೇ.

"ಎಮ್ಮಿ ಆಗಿದ್ರ ಇಷ್ಟೊತ್ತಿಗೆ ಒದೀತಿದ್ದಿ. ಸುಮ್ಮನ ಕುಂದರ ಮಗಳ."

ಆ ಕೈ ನಾನು ಎಂದೂ ಮರೆಯುವುದಿಲ್ಲ. ಬೆರಳುಗಳೆಲ್ಲ ಬಿರುಕು ಬಿಟ್ಟಿದ್ದವು. ಆದರೆ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ಅವಕ್ಕೆ ಗೊತ್ತಿತ್ತು. ಮೊದಲು ಹನಿ, ಆಮೇಲೆ ಸಣ್ಣ ಎಳೆ. ಬಟ್ಟಲಿನಲ್ಲಿ ಮೂರು ಚಮಚದಷ್ಟು ಹಾಲು ನಿಂತಿತು. ಸವಿತಾ ಬಗ್ಗಿ ಅದನ್ನೇ ನೋಡಿದಳು, ಬೇರೆ ಯಾರದೋ ಎಂಬಂತೆ.

ಮಂಪರಿನಲ್ಲಿರುವ ಕೂಸಿಗೆ ಹಾಲು ಹಾಕಿದರೆ ಉಸಿರಿನ ದಾರಿಗೆ ಹೋಗುವ ಭಯ. ಬೆನ್ನು ತಿಕ್ಕಿ, ಅಂಗಾಲು ಉಜ್ಜಿ, ಬಾಯಲ್ಲಿ ಬೆರಳಿಟ್ಟೆ. ಸ್ವಲ್ಪ ಚೀಪಿತು. ತಲೆ ಎತ್ತಿ ಹಿಡಿದು ಚಮಚದ ತುದಿಯಿಂದ ತುಟಿಗೆ ಮುಟ್ಟಿಸಿದೆ. ಹಾಲು ಕಟವಾಯಿಯಿಂದ ಹೊರಗೆ ಹರಿಯಿತು. ಮತ್ತೆ ಎರಡು ಹನಿ. ಕೂಸಿನ ಗಂಟಲು ಅಲುಗಿತು. ಇನ್ನೆರಡು ಹನಿ, ಮತ್ತೆ ಅಲುಗಿತು.

"ನುಂಗತು!" ಎಂದು ಕೂಗಿದವನು ಮಲ್ಲಪ್ಪ. ಡಬ್ಬಿ ಅವನ ಕೈಯಿಂದ ಜಾರಿ ಅಂಗಳಕ್ಕೆ ಉರುಳಿತ್ತು.

ಎರಡೂವರೆ ಚಮಚ ಹೋಗುವಷ್ಟರಲ್ಲಿ ಆಂಬುಲೆನ್ಸ್ ಬಂತು. ಬರಿಮೈ ಕೂಸನ್ನು ಸವಿತಾಳ ಎದೆಗೆ ಒತ್ತಿ, ಮೇಲೆ ಆಯಿಯ ಕೌದಿ ಹೊದಿಸಿ ರೋಣಕ್ಕೆ ಹೊರಟೆವು. ದಾರಿಯುದ್ದಕ್ಕೂ ಆಯಿ ಕೌದಿ ಜಾರದ ಹಾಗೆ ಹಿಡಿದು ಕೂತಿದ್ದಳು.

ಮಕ್ಕಳ ಡಾಕ್ಟರು ಕೂಸನ್ನು ಕಾವು ಕೊಡುವ ವಾರ್ಮರ್ ಕೆಳಗೆ ಮಲಗಿಸಿದರು. ಸಕ್ಕರೆ ಅಂಶ ಇಳಿದಿತ್ತು, ಮೈಯಲ್ಲಿ ನೀರು ಆರಿತ್ತು, ಕಾಮಾಲೆ ಏರಿತ್ತು. ಸಲೈನ್ ಹಚ್ಚಿ ಬಂದು ಕಾರ್ಡ್ ನೋಡಿದರು.

"ಮೂರನೇ ದಿನ ಎರಡು ಏಳನೂರು ಐತಿ. ನಾಕ ದಿನದಾಗ ಇಷ್ಟ ಇಳದೈತಿ ಅಂದ್ರ, ಏನವಾ, ಕೂಸಿಗೆ ಹಾಲ ಹಾಕಿಲ್ಲೇನ ನೀನು?"

ಸವಿತಾ ತಲೆ ತಗ್ಗಿಸಿದಳು. ಆ ಅಂಕಿ ಈಗ ಆಕೆಯ ಮೇಲಿನ ಸಾಕ್ಷಿಯಾಗಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಿವೃತ್ತಿ ಹತ್ತಿರವಿತ್ತು, ನನ್ನ ಹೆಸರು ಚಲೋ ಇತ್ತು. ನಾಲಿಗೆ ಒಂದು ಕ್ಷಣ ತಡೆಯಿತು ಎಂಬುದನ್ನೂ ಇಲ್ಲಿ ಬರೆಯಲೇಬೇಕು.

"ಸರ್, ಆ ತೂಕ ಖರೇ ಅಲ್ಲ. ಕುಂಚಿಗಿ ಬಿಚ್ಚದ ತೂಗೀನಿ. ಒಳಗ ಬೀಗ ಇತ್ತು."

"ಬೀಗ ನಾ ಇಟ್ಟದ್ದು ಸಾಹೇಬ್ರ," ಅಂದಳು ಆಯಿ.

"ಬೀಗ ಇವರದು. ಬರದದ್ದು ನಂದು."

ಡಾಕ್ಟರು ಪೆನ್ನು ಮುಂದೆ ಚಾಚಿದರು. 2,700ಕ್ಕೆ ಗೀಟು ಹೊಡೆದು 2,500 ಎಂದು ಬರೆದು ಸಹಿ ಮಾಡಿದೆ. ಆಯಿ ಬಗ್ಗಿ ನೋಡಿ, "ಹಂಗಾದ್ರ ತಿದ್ದಾಕ ಬರತೈತಿ," ಅಂದಳು.

ನಾಲ್ಕು ದಿನ ಅಲ್ಲಿದ್ದರು. ಮೊದಲ ದಿನ ಎಂಟು ಸಲವೂ ಆಯಿಯೇ ಹಾಲು ತೆಗೆದುಕೊಟ್ಟಳು. ಎರಡನೇ ದಿನಕ್ಕೆ ಸವಿತಾ ತಾನೇ ಕಲಿತಳು. ಎದೆ ಮೆತ್ತಗಾದ ಮೇಲೆ, ಮೂರನೇ ದಿನ ಮಧ್ಯಾಹ್ನ, ಕೂಸು ಬಾಯಿ ತುಂಬ ಹಿಡಿದು ಗುಟುಕು ಗುಟುಕಾಗಿ ಕುಡಿಯಿತು. ಆಮೇಲೆ ಇಡೀ ವಾರ್ಡ್ ಎದ್ದು ಕೂರುವ ಹಾಗೆ ಅತ್ತಿತು. ಅವರವ್ವನ ಮಗಳೇ. ಈಗ ನರಗುಂದದಲ್ಲಿ ಅಂಗನವಾಡಿಗೆ ಹೋಗುತ್ತಾಳೆ.

ಹಾಲು ಬರುವುದು ಪ್ರಕೃತಿ, ಕುಡಿಸುವುದು ಕಲಿಕೆ. ಮೊದಲ ಸಲ ಹೆತ್ತವಳಿಗೆ ಅದು ಹುಟ್ಟಿನಿಂದಲೇ ಗೊತ್ತಿರಬೇಕು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ, ಗೊತ್ತಿಲ್ಲದಿದ್ದರೆ ಅವಳನ್ನೇ ಬೈಯುತ್ತೇವೆ. ಮೂವತ್ತೊಂದು ವರ್ಷ ನಾನು ಕೂಸು ಕುಡಿಯಿತೇ ಎಂದು ಕೇಳಿದ್ದೆ. ನಿನಗೆ ನೋಯುತ್ತದೆಯೇ ಎಂದು ತಾಯಿಯನ್ನು ಕೇಳಲು ಕಲಿತದ್ದು ಕೊನೆಯ ಹದಿನಾಲ್ಕು ತಿಂಗಳಲ್ಲಿ.

ಬೀಗವನ್ನು ಆಯಿಯಿಂದ ಬೇಡಿ ಪಡೆದುಕೊಂಡೆ. ಅಲ್ಲಿಂದ ಮುಂದೆ ಯಾವ ಅಜ್ಜಿ "ಬಿಚ್ಚಬ್ಯಾಡ್ರಿ" ಅಂದರೂ ಅದನ್ನು ಆಕೆಯ ಅಂಗೈ ಮೇಲಿಟ್ಟು ಕಥೆ ಹೇಳುತ್ತಿದ್ದೆ. ಕಥೆ ಮುಗಿಯುವ ಮೊದಲೇ ಆಕೆಯೇ ಗಂಟು ಬಿಚ್ಚುತ್ತಿದ್ದಳು. ಕೆಲಸ ಬಿಡುವ ದಿನ ಹೊಸ ಸಿಸ್ಟರ್‌ಗೆ ತಕ್ಕಡಿ, ರಿಜಿಸ್ಟರ್, ಲಸಿಕೆಯ ಪೆಟ್ಟಿಗೆ ಎಲ್ಲ ಒಪ್ಪಿಸಿ, ಕೊನೆಗೆ ಬೀಗವನ್ನೂ ಕೊಟ್ಟೆ.

"ಇದರ ಕೀ ಎಲ್ಲೈತ್ರಿ ಮೇಡಂ?" ಅಂದಳು.

"ಕೀ ಬ್ಯಾಡವ್ವಾ. ತೂಕ ಇನ್ನೂರ ಗ್ರಾಂ. ಅಷ್ಟ ನೆನಪಿಟ್ಕೋ."