ಯಾಕ ಅಂತ ಕೇಳಿದ ಹುಡುಗಿ

ನನಗೆ ಇಂಗ್ಲಿಷ್ ಎಂದರೆ ಭಯ. ಅದನ್ನೇ ಕಲಿಸುವ ನೌಕರಿ ಹಿಡಿದದ್ದು ನನ್ನ ಹಣೆಬರಹ.

ಶರಣಸಿರಸಗಿಯ ಕನ್ನಡ ಶಾಲೆಯಲ್ಲಿ ಓದಿದವಳು ನಾನು. ನಮ್ಮ ಇಂಗ್ಲಿಷ್ ಮಾಸ್ತರರು ಮೊದಲು ಸ್ಪೆಲ್ಲಿಂಗಿನ ನಿಯಮ ಹೇಳುತ್ತಿದ್ದರು. ಆಮೇಲೆ ಆ ನಿಯಮಕ್ಕೆ ಬಗ್ಗದ ಶಬ್ದಗಳನ್ನೇ ಹುಡುಕಿ ಬರೆಸುತ್ತಿದ್ದರು. ನಿಯಮ ನಂಬಿ ಬರೆದವರ ಅಂಗೈಗೆ ಒಂದು ಏಟು, ಯಾಕೆ ಹೀಗೆ ಎಂದು ಕೇಳಿದವರಿಗೆ ಇನ್ನೊಂದು. ನಾನು ಕೇಳುವುದನ್ನು ಬಿಟ್ಟೆ. ಅಂಜಿಕೆ ನನ್ನನ್ನು ಬಿಡಲಿಲ್ಲ.

ಮದುವೆಯಾಗಿ ಬ್ರಹ್ಮಪುರಕ್ಕೆ ಬಂದು ಎಷ್ಟೋ ವರ್ಷಗಳಾದ ಮೇಲೆ ಕಮಲಾಪುರದ ಒಂದು ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿ ಬಂದಿದ್ದೆ. ಅತ್ತೆ ಒಲ್ಲದ ಮನಸ್ಸಿನಿಂದ ಹೂಂ ಅಂದರು.

“ದೀಪಾವಳಿ ತನಕ ನೋಡೂನು. ಅವರು ನಿನ್ನ ಪಕ್ಕಾ ಮಾಡ್ಕೊಂಡ್ರ ಹೋಗು. ಇಲ್ಲಂದ್ರ ಮತ್ತ ನೌಕರಿ ಮಾತು ತಗೀಬ್ಯಾಡ.”

ಅತ್ತೆ ಆಡಿದ ಮಾತಿಗೆ ತಪ್ಪುವವರಲ್ಲ. ಈ ಕೆಲಸ ಹೋದರೆ ನಾನು ಮತ್ತೆ ಹೊಸ್ತಿಲು ದಾಟುವುದಿಲ್ಲ ಎಂಬುದು ನನಗೆ ಖಾತ್ರಿಯಿತ್ತು.

ದಿನವೂ ಬಸ್ಸಿನಲ್ಲಿ ಮೊಬೈಲನ್ನು ಕಿವಿಗೆ ಹಚ್ಚಿಕೊಂಡು, ಅಂದಿನ ಪಾಠದ ಶಬ್ದಗಳ ಉಚ್ಚಾರ ಕೇಳಿ, ಮೆಲ್ಲಗೆ ತಿರುಗಿ ಹೇಳುತ್ತಿದ್ದೆ. ಒಮ್ಮೆ ಪಕ್ಕದಲ್ಲಿ ಕೂತ, ಕೆಂಪು ಬಾಳೆಹಣ್ಣಿನ ಬುಟ್ಟಿಯ ಹೆಂಗಸು ಕೇಳಿಯೇ ಬಿಟ್ಟಳು.

“ಯಾರ ಜೋಡಿ ತಂಗಿ, ದಿನಾ ಇಷ್ಟು ಜಗಳಾ?”

“ನಮ್ಮತ್ತಿ ಜೋಡಿ,” ಎಂದೆ.

“ಹಂಗಾದ್ರ ಸ್ವಲ್ಪ ಜೋರಾಗಿ ಮಾಡು,” ಎಂದಳು.

ದಸರಾ ರಜೆ ಮುಗಿದ ಮೇಲೆ, ಮುಖ್ಯೋಪಾಧ್ಯಾಯಿನಿ ನನ್ನ ಪಾಠ ನೋಡಲು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನನ್ನನ್ನು ಪಕ್ಕಾ ಮಾಡುವುದು, ಬಿಡುವುದು ಅವರ ಕೈಯಲ್ಲಿತ್ತು. ತರಗತಿಯೊಳಗೆ ಮಕ್ಕಳಾಗಲಿ ಶಿಕ್ಷಕರಾಗಲಿ ಕನ್ನಡ ಆಡಕೂಡದು ಎಂಬುದು ಆ ಶಾಲೆಯ ಕಟ್ಟಪ್ಪಣೆ.

ಅಂದು ನಾಲ್ಕನೆಯ ತರಗತಿಗೆ ನನ್ನ ಪಾಠ ಇಷ್ಟೇ: ಶಬ್ದದ ಕೊನೆಗೆ ಇಂಗ್ಲಿಷಿನ ಇ ಅಕ್ಷರ ಬಂದರೆ ಅದನ್ನು ಉಚ್ಚರಿಸುವುದಿಲ್ಲ, ಬದಲಿಗೆ ಹಿಂದಿನ ಸ್ವರ ಉದ್ದವಾಗುತ್ತದೆ. ಗೇಮ್, ನೇಮ್, ಕೇಕ್. ಮಕ್ಕಳು ಚೆನ್ನಾಗಿ ಹೇಳಿದರು. ದೊಡ್ಡ ದೊಡ್ಡ ಶಬ್ದಗಳನ್ನೂ ದಾಟಿದೆ. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಕಿಟಕಿ ಪಕ್ಕದ ಎರಡು ಜಡೆಯ ಹುಡುಗಿ ಎದ್ದು ನಿಂತಳು.

“ಮಿಸ್, ಹ್ಯಾವ್ ಶಬ್ದಕ್ಕೂ ಕೊನಿಗೆ ಇ ಅದಲ್ರಿ. ಮತ್ತ ಅದು ಹೇವ್ ಯಾಕ ಆಗಂಗಿಲ್ಲ?”

ಅಂಜಿದವರ ಮೇಲೆ ಕಪ್ಪೆ ಎಸೆದರು ಅನ್ನುತ್ತಾರಲ್ಲ, ಹಾಗಾಯಿತು. ಉತ್ತರ ನನಗೆ ಗೊತ್ತಿತ್ತು, ಬಸ್ಸಿನಲ್ಲೇ ಕೇಳಿ ತಿಳಿದುಕೊಂಡಿದ್ದೆ. ಅದನ್ನು ಹೇಳುವಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ. ಹಾಗೇ ಬರೀಬೇಕು, ಕೂಡು, ಎನ್ನಬಹುದಿತ್ತು. ಆದರೆ ಆ ಹುಡುಗಿಯ ಮುಖದಲ್ಲಿ ಭಯವೇ ಇರಲಿಲ್ಲ. ಬಾಯಿಂದ ಕನ್ನಡ ಹೊರಬಿತ್ತು.

“ಮನ್ಯಾಗ ನಿಮ್ಮವ್ವ ಏನ್ ಮಾಡಾಕತ್ತೀ ಅಂದ್ರ ಏನಂತಿ?”

“ಅಭ್ಯಾಸ ಮಾಡಾಕತ್ತೀನಿ ಅಂತೀನ್ರಿ.”

“ಅದನ್ನ ಕನ್ನಡ ಪೇಪರಿನ್ಯಾಗ ಹ್ಯಾಂಗ ಬರೀತಿ?”

“ಮಾಡುತ್ತಿದ್ದೇನೆ.”

ಇಡೀ ತರಗತಿ ನಕ್ಕಿತು. ಇಂಗ್ಲಿಷರದೂ ಇದೇ ಹಣೆಬರಹ, ಆಡುವುದೊಂದು ಬರೆಯುವುದೊಂದು ಎಂದೆ. ಹಿಂದಿನವರು ಆ ಇ ಅಕ್ಷರವನ್ನು ಬಾಯಿ ತುಂಬ ಅನ್ನುತ್ತಿದ್ದರು. ಕಾಲ ಕಳೆದಂತೆ ಬಾಯಿ ಅದನ್ನು ಬಿಟ್ಟಿತು, ಕೈ ಬಿಡಲಿಲ್ಲ. ಅಷ್ಟರಲ್ಲಿ ಪುಸ್ತಕಗಳು ಅಚ್ಚಾಗಿದ್ದವು, ಅಚ್ಚಾದದ್ದೇ ಕಾಯಮಾಯಿತು. ಮತ್ತೆ ಎಷ್ಟೋ ಶಬ್ದ ಬೇರೆ ದೇಶಗಳಿಂದ ಬಂದವು. ಸೊಸೆ ಬಂದ ಮನೆಯಲ್ಲೂ ತವರಿನ ಅಡುಗೆ ಬಿಡುವುದಿಲ್ಲ, ಹಾಗೆ ಅವು ತಮ್ಮ ಬರವಣಿಗೆ ಬಿಡಲಿಲ್ಲ. ನಿಯಮ ಮಾಡಿದವರು ಇವೆಲ್ಲ ಬಂದು ಕೂತ ಮೇಲೆ ಬಂದರು, ಅದಕ್ಕೇ ಎಲ್ಲರೂ ಅವರ ಮಾತು ಕೇಳುವುದಿಲ್ಲ ಎಂದೆ.

ಹೇಳಿ ಮುಗಿಸಿದಾಗಲೇ ಹಿಂದಿನ ಬೆಂಚು ನೆನಪಾದದ್ದು. ಮುಖ್ಯೋಪಾಧ್ಯಾಯಿನಿ ಎದ್ದು ಹೊರಗೆ ಹೋದರು. ಗಂಟೆ ಹೊಡೆದ ಕೂಡಲೇ ಅವರ ಕೋಣೆಗೆ ಕರೆ ಬಂತು.

“ಪಾಠ ಛಲೋ ಇತ್ರಿ,” ಎಂದರು. “ಸುಳ್ಳು ಯಾಕ ಹೇಳ್ಲಿ, ನನಗೂ ಇದು ಗೊತ್ತಿರಲಿಲ್ಲ. ಆದ್ರ ತಂದಿ ತಾಯಿ ಇಲ್ಲಿ ಇಂಗ್ಲಿಷ್ ಸಲುವಾಗಿ ಕಳಸ್ತಾರ. ಇನ್ನೊಮ್ಮೆ ನಿಮ್ಮ ಕ್ಲಾಸಿನ್ಯಾಗ ಕನ್ನಡ ಕೇಳಿದ್ರ ನಿಮ್ಮನ್ನ ತಗೀಬೇಕಾಗ್ತದ. ದೀಪಾವಳಿ ತನಕ ನೋಡ್ತೀನಿ.”

ನನ್ನನ್ನು ಹೆದರಿಸಿದ್ದು ಕನ್ನಡದಲ್ಲೇ. ಸಿಟ್ಟು ಬಂತು, ಆದರೆ ನುಂಗಿಕೊಂಡೆ. ತಿರುಗಿ ನೋಡಿದರೆ, ತರಗತಿಯ ನೋಟುಬುಕ್ಕುಗಳ ಕಟ್ಟು ಎದೆಗೆ ಅವಚಿಕೊಂಡು ಎರಡು ಜಡೆಯ ಹುಡುಗಿ ಬಾಗಿಲಲ್ಲಿ ನಿಂತಿದ್ದಳು.

ಮರುದಿನ ಬೋರ್ಡಿನ ಮೇಲೆ ನೈಫ್ ಎಂದು ಬರೆದೆ, ಮೊದಲಿಗೆ ಆ ಕೆಲಸಕ್ಕೆ ಬಾರದ ಕೆ ಅಕ್ಷರ ಹಚ್ಚಿ. ಹುಡುಗಿಯ ಕೈ ಅರ್ಧ ಮೇಲೆದ್ದಿತು. ಬಾಗಿಲ ಕಡೆ ನೋಡಿ ಕೈ ಕೆಳಗಿಳಿಸಿದಳು. ನಿನ್ನೆಯವರೆಗೆ ಆ ಮುಖದಲ್ಲಿ ಇಲ್ಲದ್ದು ಇವತ್ತು ಇತ್ತು. ಅದರ ಗುರುತು ನನಗೆ ಚಿಕ್ಕಂದಿನಿಂದ ಇದೆ. ಅವಳ ಬೆಂಚಿನ ಹತ್ತಿರ ಹೋಗಿ ಬಗ್ಗಿದೆ.

“ಮಿಸ್,” ಎಂದಳು ಕಿವಿಯ ಹತ್ತಿರ, “ನಾ ಯಾಕ ಅಂತ ಕೇಳಿದ್ರ ನಿಮ್ಮನ್ನ ತಗೀತಾರೇನ್ರಿ?”

ಏಟಿಗೆ ಹೆದರಿ ಬಾಯಿ ಮುಚ್ಚಿದವಳು ನಾನು. ಈ ಕೂಸು ನನ್ನ ಸಲುವಾಗಿ ಮುಚ್ಚಿಕೊಳ್ಳುತ್ತಿತ್ತು.

“ಕೇಳವ್ವ,” ಎಂದೆ. ಬಾಗಿಲು ನೋಡಿಕೊಂಡೇ ಎಂದೆ.