ಬಲೆಯಿಲ್ಲದ ದೋಣಿ

ಫಳ್ನೀರಿನಲ್ಲಿ ಸರ್ವೋತ್ತಮ ಶೆಟ್ಟರ ಹೋಟೆಲು ಇದ್ದ ಕಾಲದಲ್ಲಿ ಅಲ್ಲಿ ಊಟ ಮಾಡಿದವರಿಗೆ ಒಂದು ಸಂಗತಿ ನೆನಪಿರಬಹುದು. ಅಡುಗೆಮನೆಯಿಂದ ಆಗಾಗ ಹಾಡು ಕೇಳಿಸುತ್ತಿತ್ತು. ಅಡುಗೆಯ ಮುದ್ದುವಿಗೆ ಸಂಗೀತದ ಹುಚ್ಚೇನೂ ಇರಲಿಲ್ಲ. ಪಾಯಸಕ್ಕೆ ಗೇರುಬೀಜ ಹೆಚ್ಚುವಷ್ಟು ಹೊತ್ತು ಹಾಡುತ್ತಲೇ ಇರಬೇಕೆಂದು ಶೆಟ್ಟರ ಅಪ್ಪಣೆಯಾಗಿತ್ತು. ಹಾಡು ನಿಂತಿತೆಂದರೆ ಬಾಯಲ್ಲಿ ಗೇರುಬೀಜ ಇದೆಯೆಂದು ಲೆಕ್ಕ. ಶೆಟ್ಟರು ಗಲ್ಲಾ ಪೆಟ್ಟಿಗೆಯ ಹಿಂದೆ ಕೂತು ಗಿರಾಕಿಗಳೊಡನೆ ಮಾತಾಡುತ್ತಿದ್ದರೂ ಒಂದು ಕಿವಿ ಸದಾ ಆ ಕಡೆಗೇ ಇರುತ್ತಿತ್ತು.

ನೀರು ಬೆರೆತಿದೆಯೋ ಎಂದು ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುತ್ತಿದ್ದರು. ಎಣ್ಣೆಯನ್ನು ಮೂಸುತ್ತಿದ್ದರು. ಹತ್ತಿರದ ಆಸ್ಪತ್ರೆಯಲ್ಲಿದ್ದ ರೋಗಿಗಳಿಗೆಂದು ಯಾರಾದರೂ ಹೋಟೆಲಿನ ಪಾತ್ರೆಯಲ್ಲಿ ಗಂಜಿ ಕೊಂಡೊಯ್ದರೆ, ಪಾತ್ರೆ ತಿರುಗಿ ಬರುವವರೆಗೆ ಶೆಟ್ಟರಿಗೆ ಅವರ ಮುಖ, ಅಂಗಿ, ಚಪ್ಪಲಿಯ ಬಣ್ಣ ಎಲ್ಲ ನೆನಪಿರುತ್ತಿತ್ತು. ಹಾಗೆಂದು ಕೆಟ್ಟ ಮನುಷ್ಯರಲ್ಲ. ಕಾಸಿಲ್ಲದೆ ಹಸಿದು ಬಂದವನಿಗೆ ಊಟ ಹಾಕಿಸುತ್ತಿದ್ದರು. ಆದರೆ ನಿಜವಾಗಿ ಹಸಿದಿದ್ದಾನೋ ಇಲ್ಲವೋ ಎಂದು, ಅವನು ಮೊದಲ ತುತ್ತು ನುಂಗುವುದನ್ನು ನೋಡದೆ ಬಿಡುತ್ತಿರಲಿಲ್ಲ.

ಈ ಗುಣ ಅಣ್ಣನಿಗೆ ಹುಟ್ಟಿನಿಂದ ಬಂದದ್ದಲ್ಲ ಎಂದು ಅವರ ತಂಗಿ ಸ್ನೇಹಲತಾ ಹೇಳುತ್ತಿದ್ದಳು. ಉಳುವವನಿಗೇ ಭೂಮಿ ಎಂಬ ಭೂಮಸೂದೆ ಬಂದ ವರ್ಷ ಅವರ ಗದ್ದೆಗಳನ್ನು ಮಾಡುತ್ತಿದ್ದ ಒಕ್ಕಲಿನ ಹಿರಿಯ ಒಂದು ಬೆಳಿಗ್ಗೆ ಮನೆಗೆ ಬಂದು ಜಗಲಿಯಲ್ಲಿ ಕೂತ. ಏನು ಬಂದದ್ದು ಎಂದು ತಂದೆ ಕೇಳಿದರೆ, "ಎಂತ ಇಲ್ಲ ಧಣಿ, ಸುಮ್ಮನೆ" ಎಂದ. ಬೆಲ್ಲ ನೀರು ಕುಡಿದು ಹೋದ. ಮರುದಿನ ಜಮೀನು ತನ್ನದೆಂದು ಡಿಕ್ಲರೇಷನ್ ಕೊಟ್ಟದ್ದು ತಿಳಿಯಿತು. ಮೂರು ತಲೆಮಾರು ಉತ್ತವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ ಎಂದು ತಂದೆ ಕೊನೆಗೆ ಸಮಾಧಾನ ಮಾಡಿಕೊಂಡರು. ಮಗನಿಗೆ ಹೋದ ಗದ್ದೆಗಿಂತ ಆ "ಸುಮ್ಮನೆ" ಎಂಬ ಮಾತೇ ಹೆಚ್ಚು ಚುಚ್ಚಿತು. ಯಾರೂ ಯಾವುದನ್ನೂ ಸುಮ್ಮನೆ ಮಾಡುವುದಿಲ್ಲ ಎಂದು ಅವರು ಆ ದಿನವೇ ತೀರ್ಮಾನಿಸಿಬಿಟ್ಟಿದ್ದರು.

ಹೀಗಿರುವಾಗ, ಎಪ್ಪತ್ತೊಂಬತ್ತರ ಮಳೆಗಾಲ ಮುಗಿದ ಮೇಲೆ, ಸ್ನೇಹಲತಾಳ ಗಂಡ ಚಿತ್ತರಂಜನ ರೈ ಒಂದು ಹಳೆಯ ದೋಣಿ ಕೊಂಡರು.

ಚಿತ್ತರಂಜನ ರೈ ಬ್ಯಾಂಕಿನಲ್ಲಿ ಗುಮಾಸ್ತರು. ಕಾವೂರಿನಲ್ಲಿ ಮನೆ. ದೋಣಿಯನ್ನು ಕೂಳೂರಿನ ಸೇತುವೆಯ ಹತ್ತಿರ, ಗುರುಪುರ ಹೊಳೆಯ ದಡದಲ್ಲಿ ಒಂದು ತೆಂಗಿನ ಮರಕ್ಕೆ ಕಟ್ಟುತ್ತಿದ್ದರು. ಪ್ರತಿ ಆದಿತ್ಯವಾರ ಮಧ್ಯಾಹ್ನ ಊಟವಾದ ಮೇಲೆ ಅದರಲ್ಲಿ ಹೋಗಿ ಸಂಜೆಗೆ ತಿರುಗಿ ಬರುತ್ತಿದ್ದರು. ಸುದ್ದಿ ಹೋಟೆಲಿಗೆ ಮುಟ್ಟಲು ತಡವಾಗಲಿಲ್ಲ. ಚಿತ್ತರಂಜನ ಒಮ್ಮೆ ಚಹಾಕ್ಕೆ ಬಂದಾಗ ಶೆಟ್ಟರು ಎದುರಿಗೆ ಕೂರಿಸಿಕೊಂಡರು.

"ದೋಣಿ ತೆಗೊಂಡದ್ದಂತೆ?"

"ಹೌದು ಭಾವ. ಸಣ್ಣದು."

"ಬಲೆ ಉಂಟಾ?"

"ಬಲೆ ಎಂತಕ್ಕೆ? ನಾನು ಮೀನು ಹಿಡಿಯುವುದಿಲ್ಲ."

"ಗಾಳ?"

"ಅದೂ ಇಲ್ಲ."

"ಆಚೆ ದಡದಲ್ಲಿ ಜಾಗ ಗೀಗ ನೋಡಿದ್ದೀರಾ?"

"ಇಲ್ಲ ಮಾರಾಯ್ರೆ!"

"ಮತ್ತೆ ಎಂತಕ್ಕೆ ಹೋಗುವುದು?"

ಚಿತ್ತರಂಜನ ಸ್ವಲ್ಪ ಯೋಚಿಸಿದರು. "ಸುಮ್ಮನೆ ಭಾವ" ಎಂದರು.

ಶೆಟ್ಟರ ಮುಖ ಬಿಗಿಯಿತು. ಎದ್ದು ಗಲ್ಲಾ ಪೆಟ್ಟಿಗೆಯ ಹಿಂದೆ ಹೋಗಿ ಕೂತರು.

ಅದು ದುಬಾಯಿಯಿಂದ ಚಿನ್ನದ ಬಿಸ್ಕತ್ತು, ವಾಚು, ಟೇಪ್‌ರೆಕಾರ್ಡರ್ ಎಲ್ಲ ಕಡಲಿನ ದಾರಿಯಲ್ಲಿ ಇಳಿಯುತ್ತದೆಂದು ಊರು ಮಾತಾಡಿಕೊಳ್ಳುತ್ತಿದ್ದ ಕಾಲ. ಯಾರಾದರೂ ಹೊಸ ಮಾಳಿಗೆ ಕಟ್ಟಿಸಿದರೆ ಜನ ಮೊದಲು ಕಡಲಿನ ಕಡೆ ನೋಡುತ್ತಿದ್ದರು. ಚಿತ್ತರಂಜನರಿಗೆ ಎಲ್ಲಿಯ ಚಿನ್ನ ಎಂದು ಶೆಟ್ಟರ ಒಂದು ಮನಸ್ಸು ಹೇಳಿತು. ಅವನೂ ಮನುಷ್ಯನೇ ಅಲ್ಲವೋ ಎಂದು ಇನ್ನೊಂದು ಮನಸ್ಸು ಹೇಳಿತು. ಚಿನ್ನವಲ್ಲದಿದ್ದರೆ ಆಚೆ ದಡದಲ್ಲಿ ಯಾವುದೋ ಹೆಣ್ಣು. ಎರಡರಲ್ಲಿ ಯಾವುದೇ ಆದರೂ ಹಾಳಾಗುವುದು ತನ್ನ ತಂಗಿಯ ಸಂಸಾರ.

ಒಂದು ಬೆಳಿಗ್ಗೆ ಶೆಟ್ಟರು ಬಸ್ಸು ಹಿಡಿದು ಕೂಳೂರಿಗೆ ಹೋದರು. ಅಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ ಅಬೂಬಕ್ಕರ್ ದೋಣಿಯಲ್ಲಿ ಕೂತು ಬೀಡಿ ಸೇದುತ್ತಿದ್ದರು.

"ಆ ಹಸಿರು ದೋಣಿ ಯಾರದ್ದು?" ಗೊತ್ತಿಲ್ಲದವರಂತೆ ಶೆಟ್ಟರು ಕೇಳಿದರು.

ಅಬೂಬಕ್ಕರ್ ಇವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಬಿಳಿ ಅಂಗಿ, ಕಂಕುಳಲ್ಲಿ ಕೊಡೆ, ಹೊಳೆ ದಾಟುವ ಅವಸರವಿಲ್ಲ, ಪ್ರಶ್ನೆ ಮಾತ್ರ ಉಂಟು. ಇವರು ಕಸ್ಟಮ್ಸಿನವರ ಜನವೇ ಎಂದು ಅವರಿಗೆ ಖಾತ್ರಿಯಾಯಿತು.

"ಯಾರೋ ರೈಗಳದ್ದಂತೆ."

"ಎಲ್ಲಿಗೆ ಹೋಗ್ತಾರೆ?"

"ಮೇಲೆ, ಕುದ್ರುವಿನ ಹಿಂದೆ." ಹೊಳೆಯ ನಡುವೆ ತೆಂಗಿನ ಮರಗಳು ತುಂಬಿದ್ದ ಸಣ್ಣ ನಡುಗಡ್ಡೆಯನ್ನು ಅವರು ಗದ್ದ ಎತ್ತಿ ತೋರಿಸಿದರು.

"ಅಲ್ಲಿ ಎಂತ ಮಾಡ್ತಾರೆ?"

"ಎಂತ ಮಾಡ್ತಾರೆ! ಹುಟ್ಟು ಮೇಲೆತ್ತಿ ಕೂತ್ಕೊಳ್ತಾರೆ. ನನಗೂ ಅರ್ಥ ಆಗುವುದಿಲ್ಲ. ಹೊಯ್ಗೆಯವರು ಹೊಳೆಯ ತಳದಿಂದ ಹೊಯ್ಗೆ ತೆಗೀತಾರೆ, ಮೀನಿನವರು ಮೀನು ಹಿಡೀತಾರೆ. ಇವರು ಖಾಲಿ ಹೋಗ್ತಾರೆ, ಖಾಲಿ ಬರ್ತಾರೆ."

"ಒಬ್ಬರೇ?"

ಅಬೂಬಕ್ಕರ್ ಬೀಡಿಯನ್ನು ನೀರಿಗೆ ಎಸೆದರು. "ಮೊನ್ನೆ ಒಂದು ಹೆಂಗಸು ಇತ್ತು. ಕೊಡೆ ಹಿಡ್ಕೊಂಡು. ಕೊಡೆಯ ಆಚೆ ಬೇರೆ ಯಾರಾದರೂ ಇದ್ರೋ ಕಾಣಲಿಲ್ಲ. ಮುಖ ನಾನು ನೋಡಲಿಲ್ಲ ಸಾರ್, ನನ್ನನ್ನು ಸಾಕ್ಷಿಗೆ ಕರೀಬೇಡಿ."

ಆ ವಾರವಿಡೀ ಶೆಟ್ಟರಿಗೆ ಅನ್ನ ರುಚಿಸಲಿಲ್ಲ. ಮುದ್ದು ಹಾಡು ನಿಲ್ಲಿಸಿದ್ದು ಕೂಡ ಕೇಳಿಸಲಿಲ್ಲ. ತಂಗಿಗೆ ಹೇಳೋಣವೆಂದರೆ ನಾಲಿಗೆ ಏಳದು. ದೇರೆಬೈಲಿನ ಮನೆಯಲ್ಲಿ ಹೆಂಡತಿ ಜಲಜಾಕ್ಷಿಯೊಡನೆ ಬಾಯಿಬಿಟ್ಟರು. "ಚಿತ್ತರಂಜನನ ನಡತೆ ನನಗೆ ಸರಿ ಕಾಣುವುದಿಲ್ಲ. ನೀನು ಪ್ರತಿ ಆದಿತ್ಯವಾರ ಸ್ನೇಹನ ಮನೆಗೆ ಹೋಗ್ತೀಯಲ್ಲ, ಎಂತದಾದರೂ ಕಂಡಿದ್ದೀಯಾ?"

ಜಲಜಾಕ್ಷಿ ಅರೆಯುವ ಕಲ್ಲಿನಲ್ಲಿ ಮೆಣಸು ಕಡೆಯುತ್ತಿದ್ದರು. ಕೈ ನಿಂತಿತು, ಮತ್ತೆ ತಿರುಗಿತು. "ಇಲ್ಲಪ್ಪ, ನನಗೆ ಎಂತ ಕಾಣಲಿಲ್ಲ" ಎಂದರು. ಆ ಕೈ ಯಾಕೆ ನಿಂತಿತು ಎಂದು ಶೆಟ್ಟರು ರಾತ್ರಿ ನಿದ್ದೆ ಬರುವವರೆಗೆ ಯೋಚಿಸಿದರು.

ಮುಂದಿನ ಆದಿತ್ಯವಾರ ಮಧ್ಯಾಹ್ನ, ಹೋಟೆಲು ತುಂಬಿರುವಾಗಲೇ, ಶೆಟ್ಟರು ಗಲ್ಲಾ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಕೂಳೂರಿಗೆ ಬಂದಾಗ ತೆಂಗಿನ ಮರದ ಬುಡದಲ್ಲಿ ಹಸಿರು ದೋಣಿ ಇರಲಿಲ್ಲ.

"ಕುದ್ರುವಿನ ಹಿಂದಕ್ಕೆ ಬಿಡಿ" ಎಂದು ಅಬೂಬಕ್ಕರರ ದೋಣಿಗೆ ಇಳಿದರು. ಈಜು ಬರುತ್ತಿರಲಿಲ್ಲ. ಕೂತ ಹಲಗೆಯನ್ನು ಒಂದು ಕೈಯಲ್ಲಿ ಗಟ್ಟಿ ಹಿಡಿದು, ಇನ್ನೊಂದು ಕೈಯಲ್ಲಿ ಕೊಡೆ ಬಿಡಿಸಿ ಮುಖಕ್ಕೆ ಅಡ್ಡ ಮಾಡಿಕೊಂಡರು.

"ಪೋಲೀಸಿನವರು ಹಿಂದಿನಿಂದ ಬರ್ತಾರಾ?" ಅಬೂಬಕ್ಕರ್ ಮೆಲ್ಲನೆ ಕೇಳಿದರು.

"ಎಂತ ಪೋಲೀಸು? ನೀವು ದೋಣಿ ಬಿಡಿ."

ಕುದ್ರುವಿನ ತಿರುವು ದಾಟುವ ಮೊದಲೇ ನಗು ಕೇಳಿಸಿತು. ಹೆಣ್ಣಿನ ನಗು. ಹೊಟ್ಟೆಯೊಳಗಿಂದ ಬಂದು, ನಿಂತು, ಮತ್ತೆ ತಡೆಯಲಾರದೆ ಎದ್ದ ನಗು. ಅಂಥ ನಗುವನ್ನು ಶೆಟ್ಟರು ಎಂದೂ ಕೇಳಿರಲಿಲ್ಲ. ಇದು ತಮ್ಮ ಮನೆತನದ ಹೆಣ್ಣಲ್ಲ ಎಂದು ಆ ನಗುವಿನಿಂದಲೇ ಅವರಿಗೆ ನಿಶ್ಚಯವಾಯಿತು. ಕೊಡೆಯ ಅಂಚನ್ನು ಮೆಲ್ಲನೆ ಎತ್ತಿದರು.

ಹಸಿರು ದೋಣಿ ತೆಂಗಿನ ನೆರಳಿನಲ್ಲಿ ತನ್ನಷ್ಟಕ್ಕೆ ತೇಲುತ್ತಿತ್ತು. ಚಿತ್ತರಂಜನ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರ ಎದುರಿಗೆ ಸ್ನೇಹಲತಾ. ಅವಳ ಪಕ್ಕದಲ್ಲಿ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, ಎರಡೂ ಕಾಲುಗಳನ್ನು ನೀರಿಗೆ ಇಳಿಬಿಟ್ಟು ನಗುತ್ತಿದ್ದವರು ಜಲಜಾಕ್ಷಿ.

ಅಬೂಬಕ್ಕರರ ದೋಣಿ ಹೋಗಿ ಹಸಿರು ದೋಣಿಗೆ ತಾಗಿತು. ನಗು ನಿಂತಿತು.

"ಇಲ್ಲಿ ಎಂತ ಮಾಡ್ತಿದ್ದೀರಿ?" ಶೆಟ್ಟರ ಸ್ವರ ಅವರಿಗೇ ಕೀಚಲಾಗಿ ಕೇಳಿಸಿತು.

ನೆಲದ ಮೇಲೆ ಆಗಿದ್ದರೆ ಅವರು ಸಿಟ್ಟಿನಿಂದ ತಿರುಗಿ ನಡೆದುಬಿಡುತ್ತಿದ್ದರು. ಇಲ್ಲಿ ನಡೆಯಲು ಜಾಗವಿರಲಿಲ್ಲ. ಎರಡು ದೋಣಿಗಳೂ ಒಂದಕ್ಕೊಂದು ಒತ್ತಿಕೊಂಡು ಒಟ್ಟಿಗೇ ತೇಲತೊಡಗಿದವು.

"ಅಣ್ಣ, ಅತ್ತಿಗೆಗೆ ಬೈಯಬೇಡ. ನಾನೇ ಕರ್ಕೊಂಡು ಬಂದದ್ದು" ಎಂದಳು ಸ್ನೇಹಲತಾ.

"ನನಗೆ ಯಾಕೆ ಹೇಳಲಿಲ್ಲ?" ಶೆಟ್ಟರು ಹೆಂಡತಿಯನ್ನೇ ನೋಡಿದರು.

ಜಲಜಾಕ್ಷಿ ಕಾಲನ್ನು ಮೇಲಕ್ಕೆ ತೆಗೆದುಕೊಳ್ಳಲಿಲ್ಲ. "ಹೇಳಿದ್ದರೆ ಎಂತಕ್ಕೆ ಹೋಗ್ತಿ ಅಂತ ಕೇಳ್ತಿದ್ದಿರಿ. ನನಗೆ ಉತ್ತರ ಗೊತ್ತಿಲ್ಲ."

"ಉತ್ತರ ಇಲ್ಲದ ಕೆಲಸ ಯಾರಾದರೂ ಮಾಡ್ತಾರಾ?"

"ಇಲ್ಲಿ ಕೂತರೆ ಉಪ್ಪು ಎಲ್ಲಿ, ಕೀಲಿಕೈ ಎಲ್ಲಿ, ಯಾರು ಬಂದಿದ್ರು ಅಂತ ಯಾರೂ ಕೇಳುವುದಿಲ್ಲ. ನನ್ನ ಕೈ ಕೂಡ ಸುಮ್ಮನೆ ಕೂತಿರ್ತದೆ. ಮನೆಯಲ್ಲಿ ಅದು ಕೂರುವುದೇ ಇಲ್ಲ. ಅಷ್ಟೇ."

ಅಬೂಬಕ್ಕರ್ ನಿಟ್ಟುಸಿರು ಬಿಟ್ಟರು. "ಇಷ್ಟೇಯಾ ವಿಷಯ? ನಾನು ಒಂದು ವಾರದಿಂದ ನಿದ್ದೆ ಮಾಡಲಿಲ್ಲ ಮಾರಾಯ್ರೆ" ಎಂದರು.

ಶೆಟ್ಟರು ಅಷ್ಟಕ್ಕೆ ನಂಬುವವರಲ್ಲ. ಎಂದಿನಿಂದ ಹೋಗುತ್ತಿದ್ದೀರಿ, ಬೇರೆ ಯಾರು ಬರುತ್ತಾರೆ, ದಡದಲ್ಲಿ ಎಲ್ಲಿ ಇಳಿಯುತ್ತೀರಿ ಎಂದು ವಾರವಿಡೀ ಕೇಳಿದರು. ಜಲಜಾಕ್ಷಿ ಎಲ್ಲದಕ್ಕೂ ಶಾಂತವಾಗಿ ಉತ್ತರ ಕೊಟ್ಟರು. ಅಷ್ಟು ಶಾಂತವಾದ ಉತ್ತರ ಶೆಟ್ಟರ ಸಂಶಯವನ್ನು ಹೆಚ್ಚಿಸಿತು. ಕೊನೆಗೆ ತಾನೇ ಪರೀಕ್ಷೆ ಮಾಡುತ್ತೇನೆಂದು ಮುಂದಿನ ಆದಿತ್ಯವಾರ ಹಸಿರು ದೋಣಿ ಹತ್ತಿದರು. ಹತ್ತಿದವರೇ ಕೂರುವ ಹಲಗೆಯನ್ನೆತ್ತಿ ಕೆಳಗೆ ಇಣುಕಿದರು. ನೀರು ಗೋರಿ ಹಾಕುವ ಒಂದು ತೆಂಗಿನ ಕರಟ ಬಿಟ್ಟರೆ ಬೇರೇನೂ ಇರಲಿಲ್ಲ.

ಕುದ್ರುವಿನ ಹಿಂದೆ ಚಿತ್ತರಂಜನ ಹುಟ್ಟು ಎತ್ತಿದರು. ದೋಣಿ ಮಾತ್ರ ನಿಲ್ಲಲಿಲ್ಲ.

"ಯಾರು ಎಳೆಯುವುದು?" ಶೆಟ್ಟರು ಗಾಬರಿಯಿಂದ ಕೇಳಿದರು.

"ಯಾರೂ ಇಲ್ಲ ಭಾವ. ಸಮುದ್ರ ಉಬ್ಬಿ ಭರತದ ನೀರು ಹೊಳೆಗೆ ಏರ್ತಾ ಉಂಟು. ಅದೇ ಕರ್ಕೊಂಡು ಹೋಗ್ತದೆ. ಇಳಿತಕ್ಕೆ ಅದೇ ತಿರುಗಿ ತಂದು ಬಿಡ್ತದೆ. ನನಗೆ ಇದೇ ಇಷ್ಟ. ಬ್ಯಾಂಕಿನಲ್ಲಿ ನಾನು ಕೈ ಎತ್ತಿದರೆ ಎಲ್ಲ ನಿಲ್ತದೆ, ಜನ ಬೈತಾರೆ. ಇಲ್ಲಿ ಕೈ ಎತ್ತಿದ ಮೇಲೆಯೇ ಹೋಗುವುದು."

ಶೆಟ್ಟರು ನೀರನ್ನು ನೋಡಿದರು. ದಡ ನೋಡಿದರು. ಕಾಯಬೇಕಾದದ್ದು ಏನಾದರೂ ಇದೆಯೇ ಎಂದು ಸುತ್ತ ಹುಡುಕಿದರು. ಮಿಂಚುಳ್ಳಿಯೊಂದು ಕೊಂಬೆಯಿಂದ ನೀರಿಗೆ ಬಿದ್ದು ಎದ್ದಿತು. ಸ್ನೇಹಲತಾ ಫ್ಲಾಸ್ಕಿನಿಂದ ಕಾಫಿ ಕೊಟ್ಟಳು. ಕುಡಿದು ಸ್ವಲ್ಪ ಹೊತ್ತಿಗೆ, ಕೀಲಿಕೈಯ ಮೇಲೆ ಕೈಯಿಟ್ಟುಕೊಂಡೇ ಶೆಟ್ಟರು ನಿದ್ದೆಹೋದರು. ಹಗಲಿನಲ್ಲಿ, ಜನರ ಎದುರು ಅವರು ನಿದ್ದೆ ಮಾಡಿದ್ದನ್ನು ಜಲಜಾಕ್ಷಿ ಮದುವೆಯಾದ ಮೇಲೆ ಮೊದಲ ಸಲ ನೋಡಿದರು. ಸಂಜೆ ದೋಣಿ ಕೂಳೂರಿನ ದಡಕ್ಕೆ ತಾಗಿದಾಗ ಎಚ್ಚರವಾಯಿತು. ಎದ್ದವರೇ ತಂಗಿಯ ಕಡೆ ತಿರುಗಿ, "ಕಾಫಿಗೆ ಎಂತ ಹಾಕಿದ್ದಿ?" ಎಂದರು.

ಆದರೂ ಮುಂದಿನ ವಾರ ಬಂದರು. ಆಮೇಲಿನ ವಾರವೂ ಬಂದರು. "ನಾನು ಇಲ್ಲದಾಗ ಎಂತ ಮಾತಾಡ್ತೀರಿ ಅಂತ ಗೊತ್ತಾಗಬೇಕಲ್ಲ" ಎಂಬುದು ಅವರು ಕೊಡುತ್ತಿದ್ದ ಕಾರಣ. ಎಂಬತ್ತಮೂರರಲ್ಲಿ ಚಿತ್ತರಂಜನರಿಗೆ ಬೇರೆ ಊರಿಗೆ ವರ್ಗವಾಯಿತು. ದೋಣಿಯನ್ನು ಭಾವನಿಗೇ ಬಿಟ್ಟುಹೋದರು. ಅಷ್ಟರಲ್ಲಿ ಶೆಟ್ಟರು ಹುಟ್ಟು ಹಾಕುವುದನ್ನು ಅರ್ಧಂಬರ್ಧ ಕಲಿತಿದ್ದರು.

ಆ ವರ್ಷದ ದಶಂಬರದಲ್ಲಿ ಗಂಡ ಹೆಂಡತಿ ಇಬ್ಬರೇ ಬೆಳಿಗ್ಗೆ ಹೋದರು. ಇಳಿತದ ಹೊತ್ತು ಶೆಟ್ಟರಿಗೆ ತಿಳಿಯಲಿಲ್ಲ. ಕುದ್ರುವಿನ ಆಚೆ ನೀರು ಸರಿದು ದೋಣಿ ಕೆಸರಿನಲ್ಲಿ ಕೂತುಬಿಟ್ಟಿತು. ಇಳಿದು ತಳ್ಳೋಣವೆಂದರೆ ಕಾಲು ತೊಡೆಯವರೆಗೆ ಹೂತುಹೋಗುವ ಕೆಸರು. ನೀರು ತಿರುಗಿ ಬರುವವರೆಗೆ ಕೂರದೆ ಬೇರೆ ದಾರಿ ಇರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಹೋಟೆಲಿನಲ್ಲಿ ಜನ ಸೇರುವ ಸಮಯವಾಯಿತು. ಶೆಟ್ಟರು ಚಡಪಡಿಸಿದರು. ಆಮೇಲೆ ಸುಮ್ಮನಾದರು. ಕೆಸರಿನಲ್ಲಿ ಏಡಿಗಳು ಓಡಾಡುತ್ತಿದ್ದವು. ಅವುಗಳನ್ನೇ ನೋಡುತ್ತ ಅವರು ಹೇಳಿದರು. "ಆ ದಿನ ಕೊಡೆ ಹಿಡಿದ ಹೆಂಗಸು ಅಂತ ಅಬೂಬಕ್ಕರ್ ಹೇಳಿದಾಗ ನನಗೆ ನಿನ್ನ ನೆನಪೇ ಬರಲಿಲ್ಲ. ನಗು ಕೇಳಿದ ಮೇಲೂ ಗೊತ್ತಾಗಲಿಲ್ಲ."

"ನನಗೆ ಗೊತ್ತುಂಟು" ಎಂದರು ಜಲಜಾಕ್ಷಿ. "ನಾನೂ ನಿಮ್ಮನ್ನು ಸಂಶಯ ಮಾಡಿದ್ದೆ."

"ನನ್ನನ್ನಾ?" ಶೆಟ್ಟರು ತಿರುಗಿದ ರಭಸಕ್ಕೆ ದೋಣಿ ಕೆಸರಿನಲ್ಲಿ ಕರಕರ ಎಂದಿತು.

"ಹೋಟೆಲು ಮುಚ್ಚಿದ ಮೇಲೂ ಮನೆಗೆ ಬರ್ತಿರಲಿಲ್ಲವಲ್ಲ. ಯಾರೋ ಇದ್ದಾರೆ ಅಂತ ಗ್ರಹಿಸಿದೆ. ಒಂದು ದಿನ ರಿಕ್ಷಾದಲ್ಲಿ ಬಂದು ಎದುರಿನ ಮದ್ದಿನ ಅಂಗಡಿಯ ಮೆಟ್ಟಿಲಲ್ಲಿ ನಿಂತು ನೋಡಿದೆ."

"ಎಂತ ಕಂಡಿತು?"

"ನೀವು ಒಬ್ಬರೇ. ಬೀಗ ಹಾಕಿದಿರಿ, ಎಳೆದು ನೋಡಿದಿರಿ. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಎಳೆದಿರಿ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಬೇರೆ ಯಾರಾದರೂ ಇದ್ದಿದ್ದರೆ ಜಗಳ ಮಾಡಬಹುದಿತ್ತು. ಬೀಗದ ಹತ್ತಿರ ಎಂತ ಜಗಳ ಮಾಡುವುದು?"

ಶೆಟ್ಟರು ಪಕ್ಕದಲ್ಲಿದ್ದ ಕೊಡೆ ಬಿಡಿಸಿದರು. ಬಿಸಿಲು ಇಳಿಯುವವರೆಗೆ ಅದನ್ನು ಹೆಂಡತಿಯ ತಲೆಯ ಮೇಲೆ ಹಿಡಿದು ಕೂತರು. ಕೈ ನೋಯುತ್ತಿದ್ದರೂ ಬದಲಿಸಲಿಲ್ಲ.

ಸಂಜೆಯ ಹೊತ್ತಿಗೆ ಭರತ ಏರಿತು. ಮೊದಲು ಏಡಿಯ ತೂತುಗಳಲ್ಲಿ ಗುಳ್ಳೆ ಎದ್ದಿತು. ಆಮೇಲೆ ದೋಣಿಯ ಅಡಿ ಮೆಲ್ಲನೆ ಅಲುಗಿತು. ಶೆಟ್ಟರ ಕೈ ಮರಗಟ್ಟಿ ಹುಟ್ಟು ಹಿಡಿಯಲಾಗಲಿಲ್ಲ. ಜಲಜಾಕ್ಷಿ ಅದನ್ನು ತೆಗೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದೋಣಿಯ ಮುಖವನ್ನು ಸೇತುವೆಯ ಕಡೆಗೆ ತಿರುಗಿಸಿದರು. ಹುಟ್ಟು ಸದ್ದಿಲ್ಲದೆ ನೀರಿಗಿಳಿದು ಮೇಲೇಳುತ್ತಿತ್ತು. ಅವರಿಗೆ ದೋಣಿ ನಡೆಸಲು ಬರುತ್ತದೆಂದು, ತನಗಿಂತ ಚೆನ್ನಾಗಿ ಬರುತ್ತದೆಂದು ಶೆಟ್ಟರಿಗೆ ತಿಳಿದದ್ದು ಆಗಲೇ. ಎಂದು ಕಲಿತದ್ದು, ಯಾರು ಕಲಿಸಿದ್ದು, ಇಷ್ಟು ವರ್ಷ ಯಾಕೆ ಹೇಳಲಿಲ್ಲ, ಎಲ್ಲವೂ ಒಟ್ಟಿಗೆ ಅವರ ನಾಲಿಗೆಯ ತುದಿಗೆ ಬಂತು.

ಕೂಳೂರಿನ ದಡ ಮುಟ್ಟುವವರೆಗೆ ಅವರು ಕೇಳಲಿಲ್ಲ. ಮುಟ್ಟಿದ ಮೇಲೆ ಕೇಳಿದರು.