ಕೊಳವೆಯೊಳಗಿನ ಹಸಿರು ಹಕ್ಕಿ

ಆ ಶನಿವಾರ ಬೆಳಿಗ್ಗೆ ಜಪಾನಿನ ಗ್ಯೋಟೋಕುವಿನಲ್ಲಿರುವ ನಮ್ಮ ಮನೆಯ ಊಟದ ಮೇಜಿನ ಸುತ್ತ ನಾವು ಮೂವರಿದ್ದೆವು: ನಾನು, ನಮ್ಮೆಜಮಾನರು, ಮೂರನೆಯ ತರಗತಿಯ ಮಗಳು. ನಾಲ್ಕನೆಯವರು ಮೈಸೂರಿನ ನಮ್ಮತ್ತೆ. ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಫೋನಿನೊಳಗೆ ಕಾಫಿ ಹೀರುತ್ತಾ ಕೂತಿದ್ದರು. ಮೇಜಿನ ನಡುವೆ ಮಗಳ ಶಾಲೆಯಿಂದ ಬಂದ ಚೀಟಿ. ತರಗತಿಯ ನಾಟಕಕ್ಕೆ ನಮ್ಮ ಮನೆಯಿಂದ ಬರಬೇಕಾದ ಸಾಮಾನು ಒಂದೇ: ನೈಟ್ ವಿಷನ್ ಸ್ಕೋಪ್. ಅದರ ಕೆಳಗೆ ಗೆರೆ ಎಳೆದು ಬರೆದಿತ್ತು, ‘ತೆಜುಕುರಿ’ ಎಂದು. ಅಂದರೆ ಕೈಯಲ್ಲೇ ಮಾಡಿದ್ದಾಗಿರಬೇಕು, ಅಂಗಡಿಯದು ಕೂಡದು.

“ಹಂಗಂದ್ರೆ ಏನೋ ಅದು?” ಎಂದರು ಅತ್ತೆ.

“ಕತ್ತಲಲ್ಲಿ ನೋಡೋ ದುರ್ಬೀನು ಅಮ್ಮ. ಮಿಲಿಟರಿಯವರ ಹತ್ರ ಇರುತ್ತಲ್ಲ, ಎಲ್ಲಾ ಹಸಿರಾಗಿ ಕಾಣ್ಸುತ್ತೆ.”

“ಮೂರನೇ ಕ್ಲಾಸಿನ ಮಕ್ಕಳಿಗೆ ಮಿಲಿಟರಿ ಸಾಮಾನು ಯಾಕೋ?”

“ಬರ್ಡ್ ನೋಡಕ್ಕೆ ಅಜ್ಜಿ,” ಎಂದಳು ಮಗಳು, ಅಜ್ಜಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬಂತೆ.

ನಾಟಕ ಸಣ್ಣದು. ನಾಲ್ಕು ಮಕ್ಕಳು ಮಬ್ಬುಗತ್ತಲಲ್ಲಿ ಹೊಳೆಯ ದಂಡೆಗೆ ಹಕ್ಕಿ ಹುಡುಕಲು ಹೋಗುತ್ತಾರೆ. ಒಬ್ಬಳು ಸ್ಕೋಪಿನಲ್ಲಿ ನೋಡಿ ‘ಮಿಯೆತಾ’ ಎನ್ನುತ್ತಾಳೆ, ಕಾಣಿಸಿತು ಎಂದು. ಎಲ್ಲರೂ ಹೋ ಎಂದು ಓಡುತ್ತಾರೆ, ಹಕ್ಕಿ ಹಾರಿಹೋಗುತ್ತದೆ, ಪರದೆ. ಆ ‘ಮಿಯೆತಾ’ ನಮ್ಮವಳದು. ಇಡೀ ನಾಟಕದಲ್ಲಿ ಅವಳ ಪಾಲಿಗೆ ಬಂದ ಮಾತು ಅದೊಂದೇ.

ಎಜಮಾನರು ಟಾಯ್ಲೆಟ್ ಪೇಪರಿನ ಸುರುಳಿಯೊಂದನ್ನು ಕಣ್ಣಿಗಿಟ್ಟುಕೊಂಡು ತೋರಿಸಿದರು. “ಕಪ್ಪು ಪೇಪರ್ ಸುತ್ತಿದ್ರೆ ಮುಗೀತು. ಐದು ನಿಮಿಷದ ಕೆಲಸ.”

“ಅದ್ರಲ್ಲಿ ಏನ್ ಕಾಣ್ಸುತ್ತೆ?”

“ಏನೂ ಇಲ್ಲ ಪುಟ್ಟ. ಆಕ್ಟಿಂಗ್ ಅಲ್ವಾ?”

“ಕಾಣ್ಸದೇ ಮಿಯೆತಾ ಅಂತ ಹೇಗೆ ಹೇಳ್ಲಿ? ದಟ್ಸ್ ಅ ಲೈ.”

ಫೋನಿನೊಳಗೆ ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ವಿಷಯ ಅಷ್ಟರಲ್ಲೇ ಮುಗಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಎರಡು ತಾಲೀಮಿನಲ್ಲೂ ಅವಳು ಸುತ್ತಿದ ಕಾಗದದಲ್ಲಿ ಇಣುಕಿ ನೋಡಿ ಬಾಯಿ ಬಿಡದೆ ನಿಂತುಬಿಟ್ಟಿದ್ದಳು. ಆ ತರಗತಿಯಲ್ಲಿ ಅವಳ ದನಿ ಕೇಳುವುದೇ ಅಪರೂಪ. ದಿನಾ ಮನೆಗೆ ಬರುವ ಸಂಪರ್ಕ ಪುಸ್ತಕದಲ್ಲಿ ಟೀಚರು ಬಲು ಮೆದುವಾಗಿ ಬರೆದಿದ್ದರು: ಬಲವಂತವೇನಿಲ್ಲ, ಕಷ್ಟವಾದರೆ ಬುಧವಾರದ ತಾಲೀಮಿನ ನಂತರ ಆ ಮಾತನ್ನು ಬೇರೆ ಮಗುವಿಗೆ ಕೊಡೋಣ. ಇವಳು ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ‘ಮಿಯೆತಾ, ಮಿಯೆತಾ’ ಎಂದು ಹತ್ತು ಬಗೆಯಲ್ಲಿ ಹೇಳಿಕೊಳ್ಳುವುದನ್ನು ನಾನು ದಿನಾ ಕೇಳುತ್ತಿದ್ದೆ. ಮಾತು ಬೇಕಾಗಿತ್ತು ಅವಳಿಗೆ. ಆದರೆ ಸುಳ್ಳಾಗಬಾರದು.

ಸರಿ, ಕಾಣಿಸುವಂಥದ್ದನ್ನೇ ಮಾಡೋಣ ಎಂದು ಹೊರಟೆ. ನಾನು ಓದಿದ್ದು ಇತಿಹಾಸ. ವಿಜ್ಞಾನಕ್ಕೂ ನನಗೂ ಇರುವ ನಂಟೆಂದರೆ ಕುಕ್ಕರಿನ ಕೂಗು. ಹಸಿರಾಗಿ ಕಾಣಬೇಕು ತಾನೆ, ಹಸಿರು ಜಿಲೆಟಿನ್ ಕಾಗದ ಅಂಟಿಸಿದರಾಯಿತು ಎಂದುಕೊಂಡೆ. ಅಂಟಿಸಿ, ಹಾಸಿಗೆ ಇಡುವ ಕಪಾಟಿನೊಳಗೆ ನಾವಿಬ್ಬರೂ ನುಗ್ಗಿ ಬಾಗಿಲೆಳೆದುಕೊಂಡೆವು. ಅವಳು ಕಣ್ಣಿಗಿಟ್ಟು ನೋಡಿದಳು.

“ಅಮ್ಮ, ಇದು ಕತ್ತಲನ್ನ ಇನ್ನೂ ಕತ್ತಲು ಮಾಡುತ್ತೆ.”

ನಿಜ. ಬಣ್ಣದ ಕಾಗದ ಇರುವ ಬೆಳಕನ್ನೂ ನುಂಗುತ್ತದೆ. ಇಷ್ಟು ವರ್ಷ ಬದುಕಿ ಅದು ನನಗೆ ಹೊಳೆದಿರಲಿಲ್ಲ. ಹಾಗಾದರೆ ಬೆಳಕು ಹೊರಗಿನಿಂದ ಬರಬಾರದು, ಒಳಗೇ ಇರಬೇಕು. ಕಪಾಟಿನಲ್ಲಿ ಮಂಡಿ ಮಡಚಿ ಕೂತಿದ್ದ ನನ್ನ ಕಣ್ಣಿಗೆ ಆಗ ಬಿತ್ತು, ಭೂಕಂಪವಾದರೆ ಹೊತ್ತು ಓಡಲೆಂದು ಮೂಲೆಯಲ್ಲಿ ಕಟ್ಟಿಟ್ಟಿದ್ದ ಚೀಲದ ಮೇಲಿನ ಪಟ್ಟಿ. ಕರೆಂಟು ಹೋದರೂ ಚೀಲ ಕೈಗೆ ಸಿಗಲೆಂದು ಅಂಟಿಸುವ ಸ್ಟಿಕ್ಕರ್ ಅದು. ಹಗಲೆಲ್ಲ ಬೆಳಕು ಕುಡಿದು ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತದೆ. ನಾನು ಅದನ್ನು ನೋಡಿದೆ, ಮಗಳು ನನ್ನನ್ನು ನೋಡಿದಳು. ಸಂಜೆಯೊಳಗೆ ಹಂಡ್ರೆಡ್ ಯೆನ್ ಅಂಗಡಿಯಿಂದ ಅಂಥದೇ ಒಂದು ಹಾಳೆ, ಒಂದು ಭೂತಗನ್ನಡಿ ಮನೆಗೆ ಬಂದವು.

ಯೋಚನೆ ಇಷ್ಟೇ: ಕೊಳವೆಯ ತುದಿಯ ಮುಚ್ಚಳದಲ್ಲಿ ಹೊಳೆಯುವ ಹಾಳೆ, ಅದರ ಮೇಲೆ ಕಪ್ಪು ಕಾಗದದ ಹಕ್ಕಿ, ಈಚೆ ತುದಿಯಲ್ಲಿ ಭೂತಗನ್ನಡಿಯ ಗಾಜು. ಆದರೆ ಕೊಳವೆ ಎಷ್ಟುದ್ದ ಇರಬೇಕು? ಎಜಮಾನರು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, “ಫೋಕಲ್ ಲೆಂಗ್ತ್ ನೋಡು,” ಎಂದರು. “ಕಿಟಕಿ ಎದುರು ಲೆನ್ಸ್ ಹಿಡ್ದು ಗೋಡೆ ಮೇಲೆ ಬಿಂಬ ಬೀಳ್ಸು. ಎಷ್ಟು ದೂರದಲ್ಲಿ ಕ್ಲಿಯರ್ ಆಗುತ್ತೋ ಅಷ್ಟು.”

ಮಾರನೆಯ ಬೆಳಿಗ್ಗೆ ಹಿಡಿದೆ. ಗೋಡೆಯ ಮೇಲೆ ಮೊದಲು ಬರೀ ಬೆಳಕಿನ ಕಲೆ. ಗಾಜನ್ನು ಹಿಂದೆ ಮುಂದೆ ಮಾಡುತ್ತಾ ಹೋದಂತೆ ಎದುರಿನ ಕಟ್ಟಡ ಬಂದು ಕೂತಿತು, ಬಣ್ಣಬಣ್ಣವಾಗಿ, ತಲೆಕೆಳಗಾಗಿ. ನಾಲ್ಕನೆಯ ಮಹಡಿಯಲ್ಲಿ ಯಾರೋ ಹಾಸಿಗೆಯನ್ನು ಕಟಾಂಜನಕ್ಕೆ ಹಾಕಿ ಬಡಿಯುತ್ತಿದ್ದರು. ನಮ್ಮ ಗೋಡೆಯಲ್ಲಿ ಅಂಗುಲದ ಹೆಂಗಸು ತಲೆಕೆಳಗೆ ನಿಂತು ತಲೆಕೆಳಗಾದ ಹಾಸಿಗೆಯನ್ನು ಬಡಿಯುತ್ತಿದ್ದಳು. ನಾನೂ ಮಗಳೂ ತಿಂಡಿ ಮರೆತು ನೋಡಿದೆವು. ಕಡೆಗೆ ಅಳೆದರೆ ಒಂದು ಗೇಣಿಗೆ ಎರಡು ಬೆರಳು ಕಡಿಮೆ.

ಇನ್ನು ಕೊಳವೆ. ಸ್ಪಷ್ಟವಾಗಿ ಕಾಣಲು ಗಾಜನ್ನು ಒಂದಿಷ್ಟು ಹಿಂದೆ ಮುಂದೆ ಸರಿಸುವಂತಿರಬೇಕು. ಅಂದರೆ ಕೊಳವೆಯೊಳಗೊಂದು ಕೊಳವೆ. ನೀರಿನ ಪ್ಲಾಸ್ಟಿಕ್ ಪೈಪೇ ಸರಿ ಎಂದು ಭಾನುವಾರ ಮಧ್ಯಾಹ್ನ ಮನೆ ರಿಪೇರಿ ಸಾಮಾನು ಮಾರುವ ಹೋಮ್ ಸೆಂಟರಿಗೆ ಹೋದೆವು. ನಮ್ಮೂರಲ್ಲಾದರೆ ಒಂದೂವರೆ ಇಂಚು, ಎರಡಿಂಚು ಎಂದು ಕೇಳಿ ತಂದುಬಿಡುತ್ತಿದ್ದೆ. ಇಲ್ಲಿ ಪೈಪಿನ ಮೇಲೆ ನಲವತ್ತು, ಐವತ್ತು ಎಂದು ಬರೆದಿತ್ತು. ನಲವತ್ತರದ್ದು ಐವತ್ತರದ್ದರೊಳಗೆ ಹೋಗಲೇಬೇಕಲ್ಲ ಎಂದು, ಹಗುರವಾದವನ್ನೇ ಆರಿಸಿ ಒಂದೊಂದು ತುಂಡು ತಂದೆ. ಮನೆಗೆ ಬಂದು ಒಂದರೊಳಗೊಂದು ಇಳಿಬಿಟ್ಟರೆ, ಒಳಗಿನದು ಸರ್ರನೆ ಜಾರಿ ನೆಲಕ್ಕೆ ಬಿದ್ದು ಮೇಜಿನ ಕೆಳಗೆ ಉರುಳಿಹೋಯಿತು.

“ಟೆಸ್ಟಿಂಗ್ ಫೇಲ್,” ಎಂದರು ಎಜಮಾನರು.

“ನೀವು ಎದ್ದು ಬಂದು ಹಿಡ್ಕೊಂಡಿದ್ರೆ ಪಾಸಾಗ್ತಿತ್ತು.”

ಸೋಮವಾರ ಅವರು ಮಿನಾಟೋದ ಆಫೀಸಿಗೆ, ಮಗಳು ಶಾಲೆಗೆ ಹೋದ ಮೇಲೆ ಎರಡೂ ತುಂಡು ಚೀಲದಲ್ಲಿಟ್ಟುಕೊಂಡು ಮತ್ತೆ ಹೋದೆ. ಅಂಗಡಿಯ ಹಿಂದೆ ಗಿರಾಕಿಗಳೇ ಕೂತು ಕೊಯ್ದುಕೊಳ್ಳಲು, ಕೊರೆದುಕೊಳ್ಳಲು ಒಂದು ಕೋಣೆ ಇದೆ. ಅಲ್ಲಿ ಏಪ್ರನ್ ಕಟ್ಟಿಕೊಂಡ ಹಿರಿಯರೊಬ್ಬರಿದ್ದರು.

“ಸುಮಿಮಾಸೆನ್,” ಎಂದು ಕ್ಷಮೆ ಕೇಳುತ್ತಾ ಪೈಪು ತೋರಿಸಿದೆ.

“ಓಕುಸಾನ್, ಎಲ್ಲಿ ಸೋರುತ್ತಿದೆ? ಅಡುಗೆಮನೆಯೋ, ಬಚ್ಚಲೋ?” ಎಂದು ಜಪಾನಿಯಲ್ಲಿ ಕೇಳಿದರು. ಓಕುಸಾನ್ ಅಂದರೆ ಅಮ್ಮಾವ್ರೇ ಎಂದ ಹಾಗೆ.

ಸೋರುತ್ತಿಲ್ಲ, ಕತ್ತಲಲ್ಲಿ ಹಕ್ಕಿ ನೋಡಬೇಕು ಎಂದೆ. ನನ್ನ ಜಪಾನಿಯನ್ನು ನಂಬಬೇಕೋ ಬೇಡವೋ ಎಂದು ಅವರು ನನ್ನ ಮುಖವನ್ನೇ ನೋಡಿದರು. ಕಾಗದದ ಮೇಲೆ ಚಿತ್ರ ಬರೆದೆ. ಕೊಳವೆ, ಗಾಜು, ಹಕ್ಕಿ, ನೋಡುವ ಹುಡುಗಿ. ಅವರು ಕನ್ನಡಕವನ್ನು ಹಣೆಗೇರಿಸಿ, ಚಿತ್ರವನ್ನು ಕಣ್ಣಿನ ಹತ್ತಿರ ತಂದು, “ಹೋ...” ಎಂದು ಉದ್ದಕ್ಕೆ ರಾಗ ಎಳೆದರು. ಆಮೇಲೆ ನನಗಿಂತ ಅವರಿಗೇ ಹುಮ್ಮಸ್ಸು. ಒಂದೇ ನಂಬರಿನಲ್ಲಿ ದಪ್ಪ ಗೋಡೆಯದು, ತೆಳು ಗೋಡೆಯದು ಎಂದು ಎರಡು ಜಾತಿಯಂತೆ. ಹೊರಗಿನ ಸುತ್ತಳತೆ ಎರಡಕ್ಕೂ ಒಂದೇ, ಒಳಗಿನ ತೂತು ಮಾತ್ರ ಬೇರೆ. ಐವತ್ತರಲ್ಲಿ ದಪ್ಪ ಗೋಡೆಯದನ್ನು ತಂದು ಅದರೊಳಗೆ ನನ್ನ ತೆಳ್ಳಗಿನ ನಲವತ್ತನ್ನು ಇಳಿಬಿಟ್ಟರು. ಇನ್ನೂ ಕೂದಲೆಳೆಯಷ್ಟು ಸಡಿಲ. “ಮನೆಯಲ್ಲಿ ಬಟ್ಟೆ ಇದೆಯಲ್ಲ?” ಎಂದು ನಕ್ಕರು. ಗರಗಸ ಹಿಡಿಯಲು ಕಲಿಸಿ ಎರಡನ್ನೂ ನನ್ನ ಕೈಯಲ್ಲೇ ಕೊಯ್ಯಿಸಿದರು. ಚೀಟಿಯಲ್ಲಿದ್ದ ತೆಜುಕುರಿ ಎಂಬ ಮಾತನ್ನು ನಾನು ಹೇಳಿದ್ದೇ ತಪ್ಪಾಯಿತು, ಒಂದು ಎಳೆತವನ್ನೂ ಅವರು ತಾವಾಗಿ ಎಳೆಯಲಿಲ್ಲ!

ಹಳೆಯ ರವಿಕೆಯ ಮಖಮಲ್ಲಿನ ಪಟ್ಟಿ ಸುತ್ತಿದ ಮೇಲೆ ಒಳಕೊಳವೆ ಮೆತ್ತಗೆ ಜಾರಿತು, ನಿಂತಲ್ಲಿ ನಿಂತಿತು. ಮಂಗಳವಾರ ಮಗಳು ಕಪ್ಪು ಕಾಗದದಲ್ಲಿ ಹಕ್ಕಿಯನ್ನು ಕತ್ತರಿಸಿದಳು. ಕುತ್ತಿಗೆ ಮಡಚಿ ಕೂತ ಬಕ. ಸೀಸೆಯ ಮುಚ್ಚಳಗಳು ತಿರುಗಿಸುವ ಗುಂಡಿಗಳಾದವು, ಮೇಲೆಲ್ಲ ಕಪ್ಪು ಬಣ್ಣ ಕೂತಿತು. ಮಗಳು ಕಪಾಟಿಗೆ ಹೋಗಿ ನೋಡಿ, ಬಾಗಿಲು ಸರಿಸಿ, ಸ್ಕೋಪನ್ನು ನನ್ನ ಕೈಗಿಟ್ಟಳು. ನಾನು ನೋಡಿದೆ. ಕಗ್ಗತ್ತಲ ನಡುವೆ ತಿಂಗಳಿನಂತೆ ದುಂಡಗೆ ಹಸಿರು, ಅದರಲ್ಲಿ ಒಂಟಿ ಹಕ್ಕಿ, ಕೈಚಾಚಿದರೆ ಸಿಗುವಂತೆ. ನನ್ನದೇ ಕೈಕೆಲಸ ಎಂದು ಗೊತ್ತಿದ್ದೂ ಉಸಿರು ಬಿಗಿಹಿಡಿದೆ.

ಆಗ ಬಂತು ತೊಡಕು. ಬುಧವಾರವೇ ಆಯುಧಪೂಜೆ. ಮನೆಯ ಕತ್ತರಿ, ಈಳಿಗೆಮಣೆ, ಎಜಮಾನರ ಲ್ಯಾಪ್‌ಟಾಪು ಎಲ್ಲ ಪೂಜೆಗೆ ಕೂರುವಾಗ ಹೊಸದಾಗಿ ಹುಟ್ಟಿದ ಈ ಉಪಕರಣವನ್ನು ಬಿಡುವುದು ಹೇಗೆ? ಇಟ್ಟರೆ ಅವತ್ತು ಎತ್ತುವಂತಿಲ್ಲ, ಮಾರನೆಯ ದಿನದವರೆಗೆ ಅದಕ್ಕೆ ವಿಶ್ರಾಂತಿ. ತಾಲೀಮು ಇರುವುದೂ ಅವತ್ತೇ. ಅತ್ತೆಗೆ ಫೋನು ಮಾಡಿದೆ. ಅವರೇ ದಾರಿ ತೋರಿಸಿದರು.

“ನೋಡಮ್ಮ, ಕತ್ತರಿಗೆ ಪೂಜೆ ಮಾಡಿ ಮಲಗುಸ್ತೀವಿ. ಬಸ್ಸು, ಸ್ಕೂಟರ್‌ಗೆ ಪೂಜೆ ಮಾಡಿದ್ರೆ ಏನ್ಮಾಡ್ತೀವಿ? ನಿಂಬೆಹಣ್ಣು ಇಟ್ಟು ಒಂದು ಸುತ್ತು ಓಡುಸ್ತೀವಿ. ಇದನ್ನ ವಾಹನ ಅಂದ್ಕೋ. ಮಗು ಓಡಿಸ್ಕೊಂಡು ಬರ್ಲಿ.”

ಎಜಮಾನರು ಅಡುಗೆಮನೆಯಿಂದಲೇ ಕೂಗಿದರು, “ಹಂಗಾದ್ರೆ ನನ್ ಲ್ಯಾಪ್‌ಟಾಪ್ ಕತ್ತರಿ ಜಾತಿಗೆ ಸೇರ್ಸಮ್ಮ, ನಾಳೆ ಮಲಗ್ಲಿ.”

ಬುಧವಾರ ಬೆಳಿಗ್ಗೆ ಸ್ಕೋಪಿನ ತುದಿಮುಚ್ಚಳ ತೆಗೆದು, ಹಾಳೆ ಬೆಳಕು ಕುಡಿಯಲೆಂದು ಕಿಟಕಿಯ ಬಿಸಿಲಿಗೆ ಅಂಗಾತ ಇಟ್ಟು, ಎಲ್ಲದರ ಜೊತೆ ಅದಕ್ಕೂ ಕುಂಕುಮ ಇಟ್ಟು ಅಕ್ಷತೆ ಹಾಕಿದೆ. ನಿಂಬೆಹಣ್ಣಿನ ಮುಂದೆ ಸ್ಕೋಪನ್ನು ಒಂದು ಸುತ್ತು ತಿರುಗಿಸಿ, ಮುಚ್ಚಳ ಹಾಕಿ, ಮಗಳ ಕೈಗೆ ಕೊಟ್ಟೆ.

ಸಂಜೆ ಬಂದವಳು ಚಪ್ಪಲಿ ಬಿಡುವ ಜಾಗದಲ್ಲೇ ನಿಂತಳು. “ಅಮ್ಮ, ನೀನು ಎಗ್ಸ್ ಯಾವಾಗ ಹಾಕ್ದೆ?”

“ಯಾವ ಎಗ್ಸು?”

ಮುಚ್ಚಳ ತೆಗೆದು ನೋಡಿದರೆ, ಹೊಳೆಯುವ ಹಾಳೆಯ ಮೇಲೆ, ಬಕದ ಕಾಲಡಿಯಲ್ಲಿ ನಾಲ್ಕು ಅಕ್ಕಿಕಾಳು. ಅರಿಶಿನದ ತೇವಕ್ಕೆ ಅಲ್ಲೇ ಅಂಟಿಕೊಂಡಿದ್ದವು. ಗಾಜಿನಲ್ಲಿ ನೋಡಿದರೆ ನಾಲ್ಕು ದಪ್ಪ ಮೊಟ್ಟೆ.

“ನೀನೇನು ಹೇಳ್ದೆ ಅಲ್ಲಿ?”

“ಕಾಣ್ಸಿದ್ದು ಹೇಳ್ದೆ. ಮಿಯೆತಾ. ಹಕ್ಕಿ ಇದೆ. ತಮಾಗೊ ನಾಲ್ಕಿದೆ.”

ಇಡೀ ತರಗತಿ ಅವಳತ್ತ ತಿರುಗಿತಂತೆ, ಏಕೆಂದರೆ ಇವಳು ಒಂದರ ಬದಲು ಮೂರು ಮಾತಾಡಿದ್ದಳು. ಟೀಚರು ಕೊಳವೆ ಇಸಿದುಕೊಂಡು ನೋಡಿ, ನಿಜ, ನಾಲ್ಕಿವೆ ಎಂದರಂತೆ. ಆಗ ಪಕ್ಕದಲ್ಲಿ ನಿಂತಿದ್ದ ಹುಡುಗಿ, ಮೊಟ್ಟೆ ಇದ್ದರೆ ನಾವು ಹೋ ಎಂದು ಓಡಬಾರದು ಅಲ್ಲವೇ ಎಂದಳಂತೆ.

ಮುಂದಿನ ವಾರ ಶಾಲೆಯ ಸಭಾಂಗಣದಲ್ಲಿ ನಾವಿಬ್ಬರೂ ಮೂರನೆಯ ಸಾಲಿನಲ್ಲಿ ಕೂತಿದ್ದೆವು. ದೀಪ ಆರಿದವು. ವೇದಿಕೆಯ ನೀಲಿ ಮಬ್ಬಿನಲ್ಲಿ ಮಗಳು ಸ್ಕೋಪನ್ನು ಕಣ್ಣಿಗಿಟ್ಟಳು. ಒಳಕೊಳವೆಯನ್ನು ಸರಿಸಿದಳು, ಇನ್ನೊಂದಿಷ್ಟು ಸರಿಸಿದಳು. ಎಜಮಾನರು ನನ್ನ ಮಣಿಕಟ್ಟು ಹಿಡಿದಿದ್ದರು. ಅವಳು ನಿಧಾನವಾಗಿ, ಹಿಂದಿನ ಸಾಲಿಗೂ ಕೇಳುವಂತೆ ಮೂರೂ ಮಾತು ಹೇಳಿದಳು. ನಾಲ್ಕು ಮಕ್ಕಳೂ ಹೋ ಎಂದು ಓಡಲಿಲ್ಲ. ತುಟಿಯ ಮೇಲೆ ಬೆರಳಿಟ್ಟುಕೊಂಡು, ತುದಿಗಾಲಿನಲ್ಲಿ, ಹಿಂದೆ ಹಿಂದೆ ನಡೆದು ವೇದಿಕೆಯಿಂದ ಮರೆಯಾದರು. ಹಕ್ಕಿ ಹಾರಲೇ ಇಲ್ಲ.

ಇದಾಗಿ ಸುಮಾರು ಒಂದು ತಿಂಗಳ ಮೇಲೆ ತರಗತಿಯ ಮಕ್ಕಳನ್ನು ಹೊಳೆಯ ದಂಡೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಹಕ್ಕಿ ನೋಡುವ ಹವ್ಯಾಸದ ಅಜ್ಜ ಒಬ್ಬರು ಮುಕ್ಕಾಲಿಯ ಮೇಲೆ ನಿಜವಾದ ದೊಡ್ಡ ದುರ್ಬೀನು ನಿಲ್ಲಿಸಿದ್ದರಂತೆ. ಮಕ್ಕಳು ಸಾಲಾಗಿ ಒಬ್ಬೊಬ್ಬರೇ ಬಂದು, ನೋಡಿ, ಕಾಣಿಸಿತು, ಅರಿಗಾತೋ ಎಂದು ತಲೆಬಾಗಿ ಸರಿಯುತ್ತಿದ್ದರು. ಆರನೆಯವಳಾಗಿ ನಮ್ಮವಳು ನೋಡಿ, “ಏನೂ ಕಾಣ್ತಿಲ್ಲ,” ಎಂದು ಎಲ್ಲರಿಗೂ ಕೇಳುವಂತೆ ಜಪಾನಿಯಲ್ಲಿ ಹೇಳಿದಳಂತೆ. ಅಜ್ಜ ಗಾಬರಿಯಾಗಿ ಮುಂದೆ ಹೋಗಿ, ಗಾಜಿನ ಮೇಲೆ ಹಾಗೇ ಇದ್ದ ಮುಚ್ಚಳ ತೆಗೆದರು. ಮೊದಲ ಐದು ಮಕ್ಕಳು ಮತ್ತೆ ಸಾಲಿನ ಹಿಂದೆ ಹೋಗಿ ನಿಂತರು.